ಚಕ್ರದ ಮನೆಯ ಹುಳುಕು

ಪರರ ಬಾಯಿಗೆ ಕೈ ಹಾಕಿಯೇ ಮೂವತ್ತು ವರ್ಷ ಸಂಸಾರ ತೂಗಿಸಿದ ಹಲ್ಲಿನ ಡಾಕ್ಟರಿಗೆ ಸ್ವಂತ ಹೆಂಡತಿಯ ಬಾಯಿಯೆಂದರೆ ಮಾತ್ರ ಎದೆ ಢವಢವ. ಆ ಬಾಯಿಗೆ ಅವರ ಬಳಿ ಅರಿವಳಿಕೆಯ ಸೂಜಿ ಇರಲಿಲ್ಲ. ಅಂದು ಬೆಳಿಗ್ಗೆ ಕಾಫಿ ಲೋಟ ಮೇಜಿಗೆ ಕುಕ್ಕಿದ ಸದ್ದಿನಲ್ಲೇ ಅವರಿಗೆ ಗೊತ್ತಾಯಿತು, ಇವತ್ತು ಬೇರಿನವರೆಗೂ ಹೋಗುತ್ತದೆ ಎಂದು.

"ಒಂದ್ಸಲ ಹೊರಟಾಗ ಯಾರದೋ ದವಡೆ ಊದ್ಕೊಂಡಿತ್ತು. ಇನ್ನೊಂದ್ಸಲ ಯಾರದೋ ಹಲ್ಲಿನ ಸೆಟ್ಟು ಬಾವಿಗೆ ಬಿದ್ದಿತ್ತು. ಊರೋರ ಹಲ್ಲಿಗೆಲ್ಲ ನೀವು ಬೇಕು, ನಂಜೊತೆ ಸಮುದ್ರ ನೋಡೋಕೆ ಮಾತ್ರ ಪುರುಸೊತ್ತಿಲ್ಲ. ಕೇಳಿಸ್ಕೊಳ್ಳಿ. ಮುಂದಿನ ತಿಂಗಳ ಮೊದಲನೇ ಶನಿವಾರ ನಾನು ಹೊರಟೆ. ನೀವು ಬಂದ್ರೆ ನಾವು ಮೂವರು, ಬರದಿದ್ರೆ ನಾನೂ ಅಕ್ಕನೂ."

ಅಕ್ಕನೆಂದರೆ ಡ್ರೈವಿಂಗ್ ಶಾಲೆ ನಡೆಸಿ ಅರ್ಧ ಊರಿಗೆ ಕ್ಲಚ್ಚು ಬಿಡುವುದನ್ನೂ, ಉಳಿದರ್ಧಕ್ಕೆ ತನಗೆ ದಾರಿ ಬಿಡುವುದನ್ನೂ ಕಲಿಸಿದ ಮಹಾತಾಯಿ. ಆಕೆ ಹೊರಟಳೆಂದರೆ ಹೊರಟಂತೆಯೇ.

ಡಾಕ್ಟರಿಗೂ ಸಮುದ್ರದ ಆಸೆ ಇಲ್ಲದಿರಲಿಲ್ಲ. ದಿನವಿಡೀ ಬಾಯೊಳಗೆ ಇಣುಕಿ ಇಣುಕಿ, ಆಚೆ ದಡ ಕಾಣದಂಥದ್ದೇನನ್ನಾದರೂ ಒಮ್ಮೆ ನೋಡಬೇಕೆಂದು ಅವರ ಕಣ್ಣುಗಳು ಹಾತೊರೆಯುತ್ತಿದ್ದವು. ಆದರೆ ಹೋಟೆಲಿನ ಲೋಟ ಕಂಡರೆ ಸಾಕು, ಅದರ ಅಂಚನ್ನು ಹಿಂದೆ ಸೋಕಿದ ಅಷ್ಟೂ ದಂತಪಂಕ್ತಿಗಳು ಅವರೆದುರು ಸಾಲುಗಟ್ಟಿ ನಿಲ್ಲುತ್ತಿದ್ದವು. (ಇದು ಕಸುಬಿನ ಕಾಯಿಲೆ. ಮದ್ದಿಲ್ಲ.) ಹೀಗಾಗಿ ಮೂರು ದಿನ ಯೋಚಿಸಿ, ಮನೆಯನ್ನೇ ಹೊತ್ತು ಹೋಗುವ ಮಹಾಸಂಕಲ್ಪವನ್ನು ಘೋಷಿಸಿದರು. ಅರ್ಥಾತ್ ಮೋಟರ್‌ಹೋಮ್. ಹಾಸಿಗೆ, ಒಲೆ, ಕಕ್ಕಸು ಎಲ್ಲ ಸ್ವಂತದ್ದು. ಹೊಸದು ಕೈಗೆಟುಕದ ಕಾರಣ ಹಳೆಯದು.

"ಮನೆಗೆ ಚಕ್ರ ಬಂದ್ರೆ ಯಜಮಾನ ಚಕ್ರವರ್ತಿ ಕಣೇ!"

"ನಂಗಂತೂ ಈಗ್ಲೇ ತಲೆ ಚಕ್ರ ಬರ್ತಿದೆ," ಎಂದಳು ಹೆಂಡತಿ.

ಮಾರಲು ಕೂತಿದ್ದವರು ಒಬ್ಬ ನಿವೃತ್ತ ಅಂಚೆ ಮಾಸ್ತರರು. ಗಾಡಿಗೆ ಇಪ್ಪತ್ತೆರಡು ವರ್ಷ. ಡಾಕ್ಟರು ಹಣೆಗೆ ದೀಪ ಕಟ್ಟಿ, ಬಾಯಿ ನೋಡುವ ಪುಟ್ಟ ಕನ್ನಡಿ ಹಿಡಿದು ಗಾಡಿಯ ಉದರವನ್ನು ಪ್ರವೇಶಿಸಿದರು. ನಲ್ಲಿಯ ಮೂತಿಗೆ ಕನ್ನಡಿ ಹಿಡಿದರು, ಒಲೆಯ ಕಿವಿ ತಿರುವಿದರು. ಬಿಗಿಯಾಗಿ ಕೂತಿದ್ದ ಕಪಾಟಿನ ಬಾಗಿಲಿಗೆ ಅಭ್ಯಾಸಬಲದಿಂದ "ಇನ್ನೂ ಸ್ವಲ್ಪ ಅಗಲ ತೆಗೀರಿ" ಎಂದುಬಿಟ್ಟರು.

ಅಷ್ಟರಲ್ಲಿ ಅಕ್ಕ ಗಾಡಿಯನ್ನು ಒಂದು ಸುತ್ತು ಓಡಿಸಿಕೊಂಡು ಬಂದು, ಬಗ್ಗಿ ಟೈರು ಮುಟ್ಟಿ ನೋಡಿದಳು. "ಡಾಕ್ಟ್ರೇ, ಇಂಜಿನ್ನು ಗಟ್ಟಿ ಮುದುಕ, ಮೋಸ ಇಲ್ಲ. ಟೈರು ಮಾತ್ರ ಓಡಿ ಸವೆದದ್ದಲ್ಲ, ನಿಂತು ನಿಂತು ಮುದಿಯಾಗಿವೆ. ಪಕ್ಕದಲ್ಲೆಲ್ಲ ಬಿರುಕು. ಅಷ್ಟನ್ನೂ ಬದಲಾಯಿಸಿ."

ಹೆಂಡತಿ ಒಳಗೆ ಹೋಗಿ ಮೂಗು ಅರಳಿಸಿದಳು. "ಇಷ್ಟು ಪುಟ್ಟ ಜಾಗಕ್ಕೆ ನಾಲ್ಕು ಸುಗಂಧದ ಡಬ್ಬಿ ಯಾಕ್ರೀ? ಮತ್ತೆ ಈ ಹಿಂದಿನ ಮೂಲೆಗೆ ಮಾತ್ರ ಗೋಡೆಕಾಗದ ಹೊಸದು!"

"ಶುಚಿ ಮನುಷ್ಯ ಕಣೇ," ಡಾಕ್ಟರು ಅವಳ ಕಿವಿಯಲ್ಲಿ ಪಿಸುಗುಟ್ಟಿದರು. "ನಕ್ಕಾಗ ನೋಡಿದ್ಯಾ? ಎಪ್ಪತ್ತು ದಾಟಿದ್ರೂ ಮೂವತ್ತೆರಡೂ ಸ್ವಂತದ್ದು! ಒಂದರಲ್ಲೂ ಕಲೆ ಇಲ್ಲ. ಹಲ್ಲನ್ನ ಹೀಗೆ ಇಟ್ಕೊಂಡೋನು ಗಾಡಿ ಕೆಡಿಸ್ತಾನಾ?"

ಹೀಗೆ, ಗಾಡಿಯ ಗೋಡೆ ನೋಡಬೇಕಾದಲ್ಲಿ ಗಾಡಿಯವನ ಹಲ್ಲು ನೋಡಿ ವ್ಯಾಪಾರ ಮುಗಿಯಿತು. ಟೈರು ಹೊಸದಾದವು. ಹೆಂಡತಿ ಪುಟ್ಟ ಕಿಟಕಿಗಳಿಗೆ ಪರದೆ ಹೊಲಿದಳು. ಶನಿವಾರ ದವಾಖಾನೆಗೆ ರಜೆಯೆಂದು ಡಾಕ್ಟರು ಸ್ವಹಸ್ತದಿಂದ ಬೋರ್ಡು ಬರೆದರು.

ಬುಧವಾರ ಮಳೆ ಬಂತು. ಗುರುವಾರ ಬೆಳಿಗ್ಗೆ ನೋಡಿದರೆ ಹಿಂದಿನ ಹಾಸಿಗೆಯ ದಿಂಬು ತೊಪ್ಪೆಯಾಗಿತ್ತು, ಮೂಲೆಯ ಹೊಸ ಕಾಗದ ನಾಲಿಗೆಯಂತೆ ಜೋಲುತ್ತಿತ್ತು. ಡಾಕ್ಟರು ಅಲ್ಲಿ ಹಲ್ಲು ಕೆದಕುವ ಕೊಕ್ಕೆಯ ಮೊನೆಯನ್ನು ಮೆಲ್ಲಗೆ ಒತ್ತಿದರು. ಮೊನೆ ಹೋಯಿತು. ಹಿಡಿಯೂ ಹೋಯಿತು. ಹಿಂದೆಯೇ ಎರಡು ಬೆರಳು ಹೋದವು.

ಬಣ್ಣದ ಕಾಗದದ ಹಿಂದೆ ಮರವೆಂಬ ಮರವೆಲ್ಲ ಹಾಲಲ್ಲಿ ನೆನೆದ ರಸ್ಕಾಗಿತ್ತು.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ನಿಲ್ಲಿಸಿ ತಿಳಿದವರನ್ನು ಕರೆಯುತ್ತಿದ್ದರು. ಆದರೆ ಡಾಕ್ಟರ ದಂತಧರ್ಮವೇ ಬೇರೆ: ಹುಳುಕಿನ ಚೂರೂ ಒಳಗುಳಿಯಕೂಡದು, ಗಟ್ಟಿ ಸಿಗುವ ತನಕ ಕೊರೆ, ಆಮೇಲೆ ತುಂಬು. ತುಂಬಲು ಗಾರೆಯನ್ನೂ ಕಲಸಿಟ್ಟುಕೊಂಡು ಅವರು ಕೆರೆಯತೊಡಗಿದರು. ಅಂಗೈಯಗಲ ಕೆರೆದರು, ಗಟ್ಟಿ ಸಿಗಲಿಲ್ಲ. ತಟ್ಟೆಯಗಲ ಕೆರೆದರು, ಸಿಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮರ ಮುಗಿದು ಹೊರಮೈಯ ತಗಡು ಎದುರಾಯಿತು. ಅದರ ತಳದಲ್ಲೂ ಕಪ್ಪು ಚುಕ್ಕೆಗಳು! ತಗಡು ಕತ್ತರಿಸುವ ಕತ್ತರಿ ತಂದರು.

ಗಾಡಿಯ ಹಿಂದೆ ಬಟ್ಟೆ ಒಣಹಾಕುತ್ತಿದ್ದ ಹೆಂಡತಿಯ ಮೂಗಿನೆದುರಿಗೆ ಗಾಡಿಯ ಮೈಯಿಂದ ಒಂದು ಕೈ, ಆ ಕೈಯಲ್ಲೊಂದು ಪುಟ್ಟ ಕನ್ನಡಿ ಹೊರಬಂತು. ಕನ್ನಡಿಯಲ್ಲಿ ಒಂದು ಕಣ್ಣು ಪಿಳಿಪಿಳಿ ಎಂದಿತು. ಆಕೆ ಕಿಟಾರನೆ ಕಿರುಚಿದ ರಭಸಕ್ಕೆ ಒಳಗಿದ್ದವರು ಬೆಚ್ಚಿ ಕೈ ಎಳೆದುಕೊಂಡರು. ಅಳಿದುಳಿದ ಗೋಡೆ ಕೈಯ ಜೊತೆಗೇ ಒಳಗೆ ಬಂತು. ಈಗ ಗಂಡಹೆಂಡಿರ ನಡುವೆ ಅಡ್ಡಗೋಡೆಯೇ ಇರಲಿಲ್ಲ. (ಮದುವೆಯಾದಾಗಿನಿಂದ ಇಷ್ಟು ಬಿಚ್ಚುಮನಸ್ಸಿನಿಂದ ಅವರು ಎದುರಾಗಿದ್ದಿಲ್ಲ.)

"ರೀ... ಇಲ್ಲಿ ಗೋಡೆ ಇತ್ತಲ್ಲ?"

"ಹುಳುಕಿತ್ತು."

"ಈಗೆಲ್ಲಿ?"

"ಬಕೆಟ್ಟಲ್ಲಿದೆ."

ಆಕೆ ಕೈಯಲ್ಲಿದ್ದ ಒದ್ದೆ ಟವೆಲ್ಲನ್ನು ಹಿಂಡಿದ ರೀತಿಗೆ ಡಾಕ್ಟರು ತಮ್ಮ ಕುತ್ತಿಗೆ ಮುಟ್ಟಿಕೊಂಡರು.

ಸಂಜೆ ಅಕ್ಕ ತನಗೆ ಗೊತ್ತಿದ್ದ ಬಸ್ಸಿನ ಬಾಡಿ ಕಟ್ಟುವ ಬಡಗಿಯೊಬ್ಬನನ್ನು ಕರೆತಂದಳು. ಆತ ಸೊಂಟಕ್ಕೆ ಕೈಯಿಟ್ಟು ಆ ಗುಹೆಯನ್ನು ದಿಟ್ಟಿಸಿದ. ಚಾವಣಿ ಹತ್ತಿದ, ಇಳಿದ, ಲೊಚಗುಟ್ಟಿದ.

"ಇದಕ್ಕೆ ನನಗಿಂತ ಮುಂಚೆ ಯಾರೋ ಕೈ ಹಾಕಿದ್ದಾರೆ. ಯಾರು ಸ್ವಾಮಿ ಆ ಪುಣ್ಯಾತ್ಮ?"

ಡಾಕ್ಟರು ತಗಡಿನ ಕತ್ತರಿಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದರು.

"ಮೇಲೆ ಬೆಸುಗೆ ಹತ್ರ ಬೆರಳುದ್ದ ಅಂಟು ಒಡೆದಿದೆ, ಅಷ್ಟೇ. ಅದನ್ನ ಕಿತ್ತು ಹೊಸ ಅಂಟು ಹಚ್ಚಿ, ಒಳಗೆ ಒಣಗಿಸಿ, ಮೂರು ಪಟ್ಟಿ ಮರ ಬದಲಾಯಿಸಿದ್ರೆ ಒಂದು ದಿನದ ಕೆಲಸ ಆಗಿತ್ತು. ವರ್ಷಕ್ಕೆರಡು ಸಲ ಮೇಲೆ ಹತ್ತಿ ನೋಡಿದ್ರೆ ಇಷ್ಟೂ ಆಗ್ತಿರಲಿಲ್ಲ. ಈಗ ಹಿಂಭಾಗ ಪೂರ್ತಿ ಕಟ್ಟಬೇಕು. ಹದಿನೈದು ದಿನ."

ಡಾಕ್ಟರಿಗೆ ಕಾಲಡಿಯ ನೆಲವೂ ಹುಳುಕೆನಿಸಿತು. ಬಡಗಿ ಗೇಟಿನತ್ತ ನಡೆದಾಗ ಅವರು ಹೆಂಡತಿಯ ಸೆರಗು ಹಿಡಿಯುವುದೊಂದು ಬಾಕಿ. "ನೀನೇ ಮಾತಾಡೇ. ನನ್ನ ಮುಖ ಕಂಡ್ರೆ ಅವನಿಗೆ ನಗು ಬರ್ತಿದೆ. ಅವನೇನು ಕೇಳಿದ್ರೂ ಹೂಂ ಅನ್ನು. ನನ್ನನ್ನ ಕೇಳೋಕೂ ಬರಬೇಡ. ಶನಿವಾರ ಗಾಡಿ ಹೊರಡಬೇಕು, ಅಷ್ಟೇ!"

ಗೇಟಿನ ಬಳಿ ಹತ್ತು ನಿಮಿಷ ಏನೋ ಮಾತಾಯಿತು. ಬಡಗಿ ಎರಡೂ ಕೈ ಬೆರಳು ಬಿಚ್ಚಿ ಏನನ್ನೋ ಎಣಿಸಿದ. ಹೆಂಡತಿ ತಲೆಯಾಡಿಸಿದಳು. ಮರುದಿನ ಬೆಳಕು ಹರಿಯುವ ಮುಂಚೆಯೇ ಆತ ಇಬ್ಬರು ಕೆಲಸಗಾರರೊಡನೆ ಹಾಜರಾಗಿ ಕುಟ್ಟತೊಡಗಿದ.

ಶನಿವಾರ ಬೆಳಿಗ್ಗೆ ಗಾಡಿಯ ಬೆನ್ನು ಮದುಮಗನ ಬೆನ್ನಿನಂತೆ ನೆಟ್ಟಗಿತ್ತು. ಡಾಕ್ಟರು ಹೂವಿನ ಚಿತ್ರದ ಅಂಗಿ ತೊಟ್ಟು, ಹುಲ್ಲಿನ ಟೋಪಿಯಿಟ್ಟು, ಪೆಟ್ಟಿಗೆ ಹಿಡಿದು ಮೆಟ್ಟಿಲಿಗೆ ಕಾಲಿಟ್ಟರು.

"ನೀವೆಲ್ಲಿಗೆ?" ಎಂದಳು ಹೆಂಡತಿ.

"ಎಲ್ಲಿಗೆ ಅಂದ್ರೆ? ಸಮುದ್ರಕ್ಕೆ!"

"ಬಡಗಿ ಹದಿನೈದು ದಿನದ ಕೆಲಸಾನ ಒಂದು ದಿನದಲ್ಲಿ ಮುಗಿಸಿದ್ದು ಸುಮ್ನೇನಾ? ಅವನ ಮನೇಲಿ ಒಂಬತ್ತು ಜನ. ಒಬ್ಬರ ಹಲ್ಲೂ ನೆಟ್ಟಗಿಲ್ಲ. ಒಂದೇ ದಿನದಲ್ಲಿ ಎಲ್ಲರದ್ದೂ ನೋಡಿಕೊಡಿ ಅಂದ. ಹೂಂ ಅಂದೆ."

"ಇವತ್ತೇನಾ?"

"ಇವತ್ತು ತಾನೇ ನೀವು ರಜಾ ಹಾಕಿರೋದು! ಬೇರೆ ದಿನ ನಿಮಗೆಲ್ಲಿ ಪುರುಸೊತ್ತು?"

"ಸೋಮವಾರ ಹೊರಡೋಣ ಕಣೇ..."

ಮುಂದಿನ ಸೀಟಿನಿಂದ ಅಕ್ಕ ಹಾರನ್ ಒತ್ತಿದಳು. "ಡಾಕ್ಟ್ರೇ, ದಾರಿ ಬಿಡಿ. ರಿವರ್ಸ್ ತಗೋತಿದ್ದೀನಿ."

ಡಾಕ್ಟರು ದಾರಿ ಬಿಟ್ಟರು. ಪರದೆ ಸರಿಸಿ ಹೆಂಡತಿ ಕೈಬೀಸಿದಳು, ಹುಡುಗಿಯಂತೆ. ಅವಳ ಮುಖ ಅಷ್ಟು ಅರಳಿದ್ದನ್ನು ಎಷ್ಟೋ ವರ್ಷಗಳಿಂದ ಕಂಡಿರದ ಡಾಕ್ಟರು ಬಾಯಿ ತೆರೆದವರು ಮುಚ್ಚುವುದನ್ನು ಮರೆತರು.

ದವಾಖಾನೆಯ ಬೆಂಚಿನಲ್ಲಿ ಬಡಗಿಯ ಕುಟುಂಬ ಎತ್ತರದ ಕ್ರಮದಲ್ಲಿ ಕೂತಿತ್ತು. ಮೊದಲು ಕುರ್ಚಿ ಏರಿದವಳು ಅವನ ಅತ್ತೆ. ಡಾಕ್ಟರು ಹೂವಿನ ಅಂಗಿಯ ಮೇಲೆಯೇ ಬಿಳಿ ಕೋಟು ತೊಟ್ಟು ದೀಪ ಹಚ್ಚಿದರು. ಹೊರಗೆ, ತಿರುವಿನಲ್ಲಿ, ಗಾಡಿಯ ಹಾರನ್ ಇನ್ನೊಮ್ಮೆ ಕೇಳಿ ದೂರವಾಯಿತು.

ಮುದುಕಿ ಅವರ ಮುಖ ನೋಡಿ ಗಾಬರಿಯಾಗಿ ಕೈ ಹಿಡಿದುಕೊಂಡಳು. "ತುಂಬಾ ನೋವಾಗುತ್ತಾ ಡಾಕ್ಟ್ರೇ?"

"ಆಗ್ತಿದೆಯಮ್ಮಾ," ಎಂದರು ಡಾಕ್ಟರು. "ಬಾಯಿ ತೆಗೀರಿ."