ಕಟ್ಟಡ ನಿಧಿಗೆ ಬಂದ ಬೂದಿ ಬಣ್ಣದ ಸೀರೆಗಳು

ಶ್ರದ್ಧಾಂಜಲಿ ಸಭೆಯಲ್ಲಿ ಆಡಿದ ಮಾತನ್ನು ಯಾರೂ ನಿಜ ಅಂತ ತಿಳಿಯಬಾರದು. ಇದು ಎಲ್ಲರಿಗೂ ಗೊತ್ತು. ನನಗೆ ಗೊತ್ತಿರಲಿಲ್ಲ.

ನಮ್ಮ ಮನೆಯವರು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಅದರ ಜೊತೆಗೆ ಹಳೆಯ ವಿದ್ಯಾರ್ಥಿಗಳ ಸಂಘವನ್ನೂ ನಡೆಸುತ್ತಿದ್ದರು. ವಿಶ್ವವಿದ್ಯಾಲಯದ ಹೆಸರು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಅದಕ್ಕೂ ಮರ್ಯಾದೆ ಉಳಿಯುವುದಿಲ್ಲ, ನನಗೂ ಉಳಿಯುವುದಿಲ್ಲ. ಅವರು ತೀರಿಕೊಂಡ ಮೇಲೆ ನಡೆದ ಸಭೆಯಲ್ಲಿ ವಿಶ್ವವಿದ್ಯಾಲಯದ ಕೇಂದ್ರದ ನಿರ್ದೇಶಕರು ಕಣ್ಣೊರೆಸಿಕೊಂಡು, "ಸರ್ ಹಿಡಿದ ಕೆಲಸವನ್ನು ಇನ್ನು ಮುಂದೆ ಅವರ ಶ್ರೀಮತಿಯವರೇ ಮುನ್ನಡೆಸಬೇಕೆಂಬುದು ನಮ್ಮೆಲ್ಲರ ಹೃದಯದ ಆಸೆ" ಎಂದರು. ಅದು ಯಾವ ಸಭೆ ಎಂಬುದನ್ನೂ ಮರೆತು ಜನ ಚಪ್ಪಾಳೆ ತಟ್ಟಿದರು.

ಸೋಮವಾರ ಬೆಳಿಗ್ಗೆ ನಾನು ಬುತ್ತಿ ಕಟ್ಟಿಕೊಂಡು ಸಂಘದ ಕಚೇರಿಗೆ ಹೋಗಿ ನಮ್ಮ ಮನೆಯವರ ಕುರ್ಚಿಯಲ್ಲಿ ಕುಳಿತೆ!

ನಾನು ಓದಿದ್ದು ಹತ್ತನೆಯ ತರಗತಿ. ಆದರೆ ಮನೆಯಲ್ಲಿ ಕೂಡುವುದು ಆಗುತ್ತಿರಲಿಲ್ಲ. ಒಬ್ಬರಿಗೆ ಎಷ್ಟು ಚಹಾ ಇಡಬೇಕು ಎಂಬುದೇ ಕೈಗೆ ತಿಳಿಯದು. ದಿನವೂ ಇಬ್ಬರಿಗೆ ಇಟ್ಟು, ಇಬ್ಬರದ್ದೂ ನಾನೇ ಕುಡಿದು, ರಾತ್ರಿಯೆಲ್ಲ ಎಚ್ಚರ.

ನಿರ್ದೇಶಕರು ಬಾಗಿಲಿಗೆ ಬಂದರು. ನೋಡಿದರು. ವಾಪಸ್ ಹೋದರು. ಮತ್ತೆ ಬಂದರು.

"ಅಕ್ಕಾರ, ಚಹಾ ಕುಡಿದು ಹೋಗ್ರಿ."

"ಚಹಾ ಕುಡೀತೀನ್ರಿ ಸಾಹೇಬ್ರ. ಹೋಗೂದಿಲ್ಲ."

"ಅಂದ್ರ... ಅದು ಭಾಷಣ ಇತ್ತಲ್ರಿ..."

"ಛಲೋ ಭಾಷಣ ಇತ್ತ್ರಿ. ಅದಕ್ಕ ಬಂದೀನಿ."

ಹೊಸದಾಗಿ ವಿಧವೆಯಾದವಳು ಕಳೆದುಕೊಂಡದ್ದು ಬಹಳ. ಸಿಗುವುದು ಒಂದೇ ಒಂದು ಅಧಿಕಾರ: ಕೆಲವು ತಿಂಗಳು ಯಾರೂ ಅವಳಿಗೆ "ಎದ್ದೇಳು" ಅನ್ನುವುದಿಲ್ಲ. ನಾನು ಅದನ್ನು ಚೂರೂ ವ್ಯರ್ಥ ಮಾಡಲಿಲ್ಲ.

ಹಟಕ್ಕೆ ಒಂದು ಕಾರಣವೂ ಇತ್ತು. ಕುಷ್ಟಗಿ, ಯಲಬುರ್ಗಾ ಕಡೆಯಿಂದ ನಸುಕಿನ ಬಸ್ಸಿಗೆ ಬರುವ ಹುಡುಗಿಯರು ಸಂಜೆಯ ತನಕ ಒಂದು ಗುಟುಕು ನೀರು ಕುಡಿಯುವುದಿಲ್ಲ. ಕುಡಿದರೆ ಹೋಗಲು ಜಾಗವಿಲ್ಲ. ಅವರಿಗಿದ್ದ ಒಂದು ಶೌಚಾಲಯಕ್ಕೆ ಬಾಗಿಲಿಲ್ಲ, ನಲ್ಲಿಯಲ್ಲಿ ನೀರಿಲ್ಲ. ಒಬ್ಬ ಹುಡುಗಿ ಪ್ರಯೋಗಾಲಯದಲ್ಲಿ ತಲೆ ಸುತ್ತಿ ಬಿದ್ದ ದಿನ ನಮ್ಮ ಮನೆಯವರು ಊಟ ಮಾಡಲಿಲ್ಲ. ಗ್ರಂಥಾಲಯದ ಹಿಂದಿನ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಇರುವ ಕೋಣೆ ಕಟ್ಟಿಸಬೇಕು, ಹಣ ಹಳೆಯ ವಿದ್ಯಾರ್ಥಿಗಳಿಂದ ಬರಬೇಕು ಎಂದು ಓಡಾಡುತ್ತಿದ್ದರು. ಓಡಾಡುತ್ತಲೇ ಹೋದರು. ಈಗ ನಿರ್ದೇಶಕರು ಮೆಲ್ಲಗೆ ಹೇಳಿದರು: ಈ ಸಲದ ಹಳೆಯ ವಿದ್ಯಾರ್ಥಿಗಳ ಸಮಾವೇಶದೊಳಗೆ ನಿಧಿ ಕೂಡದಿದ್ದರೆ ಆ ಜಾಗ ಬೈಕು ನಿಲ್ಲಿಸುವುದಕ್ಕೆ.

"ಬೈಕಿಗೆ ನೆರಳು ಬೇಕಂತ, ಹೆಣ್ಣಹುಡುಗ್ಯಾರಿಗೆ ಮರೆ ಬ್ಯಾಡಂತ!" ಎಂದು ಮನೆಗೆ ಬಂದು ಪಕ್ಕದ ಮನೆಯ ಮುಮ್ತಾಜಳ ಮುಂದೆ ಕೂಗಾಡಿದೆ. ಮುಮ್ತಾಜ್ ಹೊಲಿಗೆ ಕೆಲಸ ಮಾಡುತ್ತಾಳೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಲೋಕದ ನ್ಯಾಯವನ್ನೆಲ್ಲ ಹೇಳಬಲ್ಲಳು.

"ಕೇಳಾಕ ಹೋಗೂಣು ನಡೀರಿ ಗಿರಿಜಕ್ಕ. ಸರ್ ಕಲಿಸಿದ ಹುಡುಗರು ಎಲ್ಲಾ ಕಡೆ ಅದಾರ. ಸರ್ ಹೆಸರು ಹೇಳಿದ್ರ ಯಾರು ಇಲ್ಲ ಅಂತಾರ?"

ಯಾರೂ ಇಲ್ಲ ಅನ್ನಲಿಲ್ಲ. ಅದೇ ಕಷ್ಟವಾಯಿತು!

ಮೊದಲು ಕುಷ್ಟಗಿಗೆ ಹೋದೆವು. ಗೊಬ್ಬರದ ಅಂಗಡಿಯ ಬಸವರಾಜ, ಸರ್ ಮನೆಯವರು ಬಂದಾರ ಎಂದು ತಿಳಿದ ಕೂಡಲೇ ಅಂಗಡಿ ಮುಚ್ಚಿಸಿ ಮನೆಗೆ ಕರೆದೊಯ್ದ. ಹೆಂಡತಿ, ಅತ್ತೆ, ಪಕ್ಕದ ಮನೆಯವರು, ಎಲ್ಲರೂ ಕೂಡಿ ಅತ್ತರು. ನಾನೂ ಅತ್ತೆ. ಪರಿಚಯವಿಲ್ಲದಿದ್ದರೂ ಮುಮ್ತಾಜ್ ಎಲ್ಲರಿಗಿಂತ ಜೋರಾಗಿ ಅತ್ತಳು.

"ಸರ್ ನನಗ ಲ್ಯಾಬಿನ್ಯಾಗ ಕಿವಿ ಹಿಂಡ್ಯಾರ್ರಿ ಅಕ್ಕಾರ. ಈ ಕಿವಿ!" ಎಂದು ಬಸವರಾಜ ಬಲಗಿವಿಯನ್ನು ಪದಕದ ಹಾಗೆ ತೋರಿಸಿದ.

ಅಳು ಮುಗಿದ ಮೇಲೆ ಊಟ. ಸಾವಾದ ಮನೆಯವರು ಮೊದಲ ಸಲ ಹೊಸ್ತಿಲು ತುಳಿದರೆ ನಮ್ಮ ಕಡೆ ಬರಿಗೈಲಿ ಕಳಿಸುವುದಿಲ್ಲ. ಸಜ್ಜಕ ತಿನಿಸಿ ಬಾಯಿ ಸಿಹಿ ಮಾಡಿ, ಹೆಗಲ ಮೇಲೊಂದು ಸೀರೆ ಹಾಕಿ, ಕಾಲು ಮುಟ್ಟಿ ಕಳಿಸಬೇಕು. ಬಸವರಾಜನ ಹೆಂಡತಿ ಹಾಗೇ ಮಾಡಿದಳು. ಬೂದಿ ಬಣ್ಣದ ಸೀರೆ. ಸೀರೆ ಹೆಗಲಿಗೆ ಬಿದ್ದ ಮೇಲೆ ಬಾಯಿ ತೆರೆದು "ಸಂಡಾಸಕ್ಕ ರೊಕ್ಕ ಕೊಡ್ರಿ" ಅನ್ನುವ ಗಂಟಲು ಯಾರಿಗಿದೆ? ನನಗಿರಲಿಲ್ಲ. ಅವರ ಪಾಲಿನ ಋಣ ತೀರಿತು. ನಮ್ಮ ಬಸ್ಸು ಬಂತು.

"ಯಾಕ ಕೇಳಲಿಲ್ರಿ?" ಮುಮ್ತಾಜ್ ಬಸ್ಸಿನಲ್ಲಿ ಗದರಿದಳು.

"ಬಾಯಿ ತುಂಬ ಸಜ್ಜಕ ಇತ್ತವಾ."

ಯಲಬುರ್ಗಾದಲ್ಲಿ ಎರಡು ಮನೆ. ಎರಡು ಸೀರೆ. ಕೊಪ್ಪಳದಲ್ಲಿ ಓಣಿ ಓಣಿ ತಿರುಗಿದೆವು. ಓಣಿ ಓಣಿಗೂ ಸೀರೆ. ಬೂದಿಯಲ್ಲಿ ಇಷ್ಟು ಬಗೆ ಇದೆ ಎಂದು ನನಗೆ ಆ ತನಕ ಗೊತ್ತಿರಲಿಲ್ಲ: ಒಲೆ ಬೂದಿ, ಊದುಬತ್ತಿ ಬೂದಿ, ನೀರು ಬಿದ್ದ ಬೂದಿ. ಬದುಕಿದ್ದಾಗ ನಮ್ಮ ಮನೆಯವರು ಪ್ರತಿ ದೀಪಾವಳಿಗೂ ಕೆಂಪು ಸೀರೆಯನ್ನೇ ತರುತ್ತಿದ್ದರು. ನನಗೆ ಒಪ್ಪುತ್ತದೆ ಅಂತಲ್ಲ, ಅವರಿಗೆ ಬೇರೆ ಬಣ್ಣದ ಹೆಸರು ಬರುತ್ತಿರಲಿಲ್ಲ. ಮನೆ ಮನೆಯಲ್ಲೂ ಜನ ಅವರ ಒಂದೊಂದು ಕಥೆ ಹೇಳುತ್ತಿದ್ದರು. ನನಗೆ ಗೊತ್ತೇ ಇಲ್ಲದ ಕಥೆಗಳು. ಅದಕ್ಕಾದರೂ ಮುಂದಿನ ಮನೆಗೆ ಹೋಗುತ್ತಿದ್ದೆ ಅಂದರೆ ಸುಳ್ಳಲ್ಲ. ಆದರೆ ಕಥೆಯಿಂದ ಗೋಡೆ ಏಳುವುದಿಲ್ಲ.

ಕೊನೆಗೆ ಗಂಗಾವತಿ ಹತ್ತಿರದ ಮರಳಿ ಎಂಬ ಹಳ್ಳಿಗೆ ಹೋದೆವು. ಅಲ್ಲಿ ಅಕ್ಕಿ ಗಿರಣಿಯ ರಾಂಬಾಬು ಇದ್ದಾನೆ. ಹಳೆಯ ವಿದ್ಯಾರ್ಥಿಗಳಲ್ಲೆಲ್ಲ ದೊಡ್ಡ ಕುಳ, ಸಮಾವೇಶದ ಮುಖ್ಯ ಅತಿಥಿ. ಈ ಸಲ ನಾನು ಶಾಸ್ತ್ರೋಕ್ತ ಯುದ್ಧತಂತ್ರ ಹೂಡಿದೆ. ಅಳುವ ಮೊದಲೇ ಕೇಳಿಬಿಡುವುದು!

ರಾಂಬಾಬುವಿನ ತಾಯಿ ಬಾಗಿಲಿಗೆ ಬಂದು, "ಬಾ ತಾಯಿ" ಎಂದು ಸೆರಗು ಕಣ್ಣಿಗೆ ಒಯ್ಯುವಷ್ಟರಲ್ಲಿ ನಾನು ಒಂದೇ ಉಸಿರಿಗೆ, "ಅಮ್ಮಾರ, ಅಳಬ್ಯಾಡ್ರಿ, ಊಟ ಬ್ಯಾಡ, ಸೀರಿ ಬ್ಯಾಡ, ಸಂಡಾಸ ಬೇಕು!" ಎಂದೆ.

ಮುದುಕಿ ಗಾಬರಿಯಾಗಿ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಬಾಗಿಲು ತೋರಿಸಿದಳು.

"ನನಗಲ್ರಿ! ಹುಡುಗ್ಯಾರಿಗೆ!"

"ಯಾವ ಹುಡುಗ್ಯಾರು?" ಮುದುಕಿ ನನ್ನ ಹಿಂದೆ ಮುಂದೆ ನೋಡಿದಳು. ಅಲ್ಲಿ ಮುಮ್ತಾಜ್ ಒಬ್ಬಳೇ ಇದ್ದಳು, ಐವತ್ತು ದಾಟಿದವಳು.

"ಬರ್ತಾರ್ರಿ, ಬಸ್ಸಿಗೆ ಬರ್ತಾರ. ನೀರು ಕುಡಿಯೂದಿಲ್ರಿ ಪಾಪ!"

ಮುದುಕಿ ಮಗನ ಕಡೆ ತಿರುಗಿ ಮೆಲ್ಲಗೆ, "ಅಯ್ಯೋ ರಾಮಾ! ಗಂಡ ಹೋದ ಹೊಡ್ತಕ್ಕ ತಲಿ ಕೆಟ್ಟೈತಿ ನೋಡೋ" ಎಂದಳು. ನನಗೆ ಹೇಮಗುಡ್ಡದ ದುರ್ಗೆಯ ದಾರ ಕಟ್ಟಿದರು. ತಲೆಗೆ ತಣ್ಣನೆಯ ಎಣ್ಣೆ ಹಚ್ಚಿದರು. ತಲೆ ಕೆಟ್ಟವಳು ಎಂಬ ಕರುಣೆಗೆ ಉಳಿದವರಿಗಿಂತ ಒಂದು ಸೀರೆ ಹೆಚ್ಚೇ ಕೊಟ್ಟರು!

ಸಮಾವೇಶದ ಹಿಂದಿನ ದಿನ ನಿಧಿಯ ಸ್ಥಿತಿ ಹೀಗಿತ್ತು: ರೊಕ್ಕ ಇಲ್ಲ. ಸೀರೆ ಮಂಚದ ತುಂಬ.

"ಈಗರ ಸುಮ್ಮನ ಕೂಡ್ರಿ ಅಕ್ಕಾರ," ಎಂದು ನಿರ್ದೇಶಕರು ಸಮಾಧಾನ ಹೇಳಿದರು. "ನೀವು ಭಾಳ ಮಾಡೀರಿ. ನಾಳೆ ವೇದಿಕೆ ಮ್ಯಾಲ ನಿಮಗೊಂದು ಸನ್ಮಾನ ಇಟ್ಟೀವಿ."

"ಸನ್ಮಾನಕ್ಕ ಏನು ಕೊಡ್ತೀರಿ?"

"ಸೀರಿ" ಎಂದರು.

ಆಗ ನನ್ನ ಮೈ ಉರಿಯಿತು. ದುಃಖ ಬಂದರೆ ಜನ ನಮ್ಮನ್ನು ಹೊದಿಸಿ ಕೂಡಿಸುತ್ತಾರೆ. ಚೆನ್ನಾಗಿ ಹೊದಿಸುತ್ತಾರೆ, ಪ್ರೀತಿಯಿಂದಲೇ ಹೊದಿಸುತ್ತಾರೆ. ಆದರೆ ಬಾಯಿಯ ಮೇಲೂ ಹೊದಿಸುತ್ತಾರೆ. ನೇರ ಮುಮ್ತಾಜಳ ಮನೆಗೆ ಹೋದೆ.

"ಇಷ್ಟೂ ಸೀರಿ ಕೂಡಿಸಿ ಹೊಲಿ. ನಾಳೆ ಆ ಜಾಗಕ್ಕ ಗ್ವಾಡಿ ಎಬ್ಬಸ್ತೀನಿ. ಬಟ್ಟಿ ಕೊಟ್ಟಾರ, ಬಟ್ಟೀದ ಕಟ್ಟೂಣು. ಕಣ್ಣಿಂದ ನೋಡ್ಲಿ!"

"ಯಾ ಅಲ್ಲಾ! ಸಾಹೇಬ್ರು ಏನಂತಾರ?"

"ಅನ್ಲಿ. ನಾ ತಲಿ ಕೆಟ್ಟಾಕಿ ಅಲ್ಲೇನು?"

ಮರುದಿನ ಶಾಮಿಯಾನದವನಿಂದ ಕಂಬ ಬೇಡಿ ತಂದು ಗ್ರಂಥಾಲಯದ ಹಿಂದೆ, ಸಭೆಗೆ ಎದುರಾಗಿ ಕಾಣುವ ಹಾಗೆ ನೆಟ್ಟು, ಸುತ್ತ ಸೀರೆಯ ಗೋಡೆ ಕಟ್ಟಿದೆವು. ಮುಂದೆ ಒಂದು ಹಲಗೆ ನೇತುಹಾಕಿದೆ: "ಹೆಣ್ಣುಮಕ್ಕಳ ಕೋಣೆ ಇಲ್ಲಿ ಆಗಬೇಕು." ಒಳಗೆ ಏನೂ ಇರಲಿಲ್ಲ. ಬರೀ ನೆಲ. ನೋಡಿದವರಿಗೆ ನಾಚಿಕೆ ಆಗಲಿ ಎಂದು ಕಟ್ಟಿದ್ದು.

ಸರ್ ಮನೆಯವರಿಗೆ ತಲೆ ಕೆಟ್ಟಿದೆ ಎಂಬ ಸುದ್ದಿ ಊರೂರಿಗೆ ಹಬ್ಬಿತ್ತು. ಹಾಗಾಗಿ ಹಿಂದೆಂದೂ ಸೇರದಷ್ಟು ಜನ ಸಮಾವೇಶಕ್ಕೆ ಸೇರಿದ್ದರು. ಹಳೆಯ ವಿದ್ಯಾರ್ಥಿಗಳನ್ನು ಒಗ್ಗೂಡಿಸುವ ಇದಕ್ಕಿಂತ ಉತ್ತಮ ಉಪಾಯವನ್ನು ಯಾವ ವಿಶ್ವವಿದ್ಯಾಲಯವೂ ಕಂಡುಹಿಡಿದಿಲ್ಲ!

ಆದರೆ ನಮ್ಮ ಕಡೆಯ ಗಂಡಸರ ಒಂದು ಸ್ವಭಾವವನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನಾಲ್ಕು ಕಂಬಕ್ಕೆ ಬಟ್ಟೆ ಕಟ್ಟಿದ್ದು ಕಂಡರೆ ಸಾಕು, ಅದು ಯಾತಕ್ಕೆ ಎಂದು ಅವರು ಯಾರನ್ನೂ ಕೇಳುವುದಿಲ್ಲ.

ರಾಂಬಾಬುವಿಗೆ ಸಕ್ಕರೆ ಕಾಯಿಲೆ. ಮೇಲಾಗಿ ಮುಖ್ಯ ಅತಿಥಿ ಎಂದು ಎಲ್ಲರೂ ಮಜ್ಜಿಗೆ ಕುಡಿಸಿದ್ದರು. ಆತ ವೇದಿಕೆಯಿಂದ ಮೆಲ್ಲಗೆ ಇಳಿದು, ಸುತ್ತಿ, ಹಲಗೆ ಇಲ್ಲದ ಹಿಂಬದಿಯಿಂದ ಒಳಗೆ ನುಸುಳಿದ. ಇತ್ತ ನಿರ್ದೇಶಕರು ಮೈಕಿನಲ್ಲಿ, "ಸನ್ಮಾನ್ಯ ಮುಖ್ಯ ಅತಿಥಿಗಳು ಎಲ್ಲಿದ್ದರೂ ದಯವಿಟ್ಟು ಸಭೆಗೆ ಕಾಣಿಸಿಕೊಳ್ಳಬೇಕು" ಎಂದರು.

ಆಗ ಯಲಬುರ್ಗಾ ಕಡೆಯಿಂದ ಗಾಳಿ ಬಂತು. ಆ ಕಡೆ ಗುಡ್ಡಕ್ಕೆ ಫ್ಯಾನು ನೆಟ್ಟು ಕರೆಂಟು ತೆಗೆಯುತ್ತಾರಲ್ಲ, ಅಂಥ ಗಾಳಿ. ಸೀರೆಯ ಗೋಡೆ ಒಮ್ಮೆಲೇ ಆಕಾಶಕ್ಕೆ ಹಾರಿತು.

ಮುಖ್ಯ ಅತಿಥಿಗಳು ಸಭೆಗೆ ಕಾಣಿಸಿಕೊಂಡರು.

ಪುಣ್ಯಕ್ಕೆ ಬೆನ್ನು ಈ ಕಡೆಗಿತ್ತು. ಸಭೆಯೆಲ್ಲ ಎದ್ದು ನಿಂತು ನೋಡಿತು. ರಾಂಬಾಬು ಓಡಲೂ ಆಗದು, ನಿಲ್ಲಿಸಲೂ ಆಗದು! ಮುಮ್ತಾಜ್ ಮಾತ್ರ, "ನನ್ನ ಹೊಲಿಗಿ ಬಿಚ್ಚಿಲ್ರಿ, ಕಂಬಾನ ಕಿತ್ತಾವು!" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

ನಾನು ಮೈಕು ಹಿಡಿದೆ. "ರಾಂಬಾಬು, ನಾಚಬ್ಯಾಡಪ್ಪ. ಒಂದು ಗಳಿಗಿ ನಿನಗ ಹೆಂಗಾತಲ್ಲ, ನಮ್ಮ ಹುಡುಗ್ಯಾರಿಗೆ ದಿನಾ ಹಂಗ ಆಕೈತಿ. ನಿಮ್ಮ ಸರ್ ಇದನ್ನ ಹೇಳಾಕ ಬರ್ತಿದ್ರು. ಅವರು ಇಲ್ಲ. ನಾ ಅದೀನಿ."

ರಾಂಬಾಬು ಕರವಸ್ತ್ರದಿಂದ ಮುಖ ಒರೆಸಿಕೊಂಡು ವೇದಿಕೆ ಏರಿದ. ಮೈಕಿನ ಮುಂದೆ ಒಂದೇ ಮಾತು: "ಪೂರ್ತಿ ಕಟ್ಟಡದ ಖರ್ಚು ನಂದು! ಈ ಕಷ್ಟ ಏನಂತ ಅನುಭವಿಸಿದವಗ ಗೊತ್ತು!"

ನಾನು ಗೆದ್ದೆ ಎಂದು ಬೀಗಿದೆ. ಕಟ್ಟಡ ಎದ್ದಿತು. ಟೈಲ್ಸು, ತೊಟ್ಟಿ, ನೀರು, ಚಿಲಕ ಇರುವ ಬಾಗಿಲು. ಉದ್ಘಾಟನೆಯ ಗೌರವ ನನಗೇ. ಬೀಗದ ಕೈ ಕೊಟ್ಟರು. ಕಲ್ಲಿನ ಫಲಕದ ಮೇಲಿನ ಬಟ್ಟೆ ಸರಿಸಿದರು. ನಮ್ಮ ಮನೆಯವರ ಹೆಸರು, ಚಂದದ ಅಕ್ಷರ. ಅದರ ಕೆಳಗೆ: "ಸ್ಮಾರಕ ಪುರುಷರ ಶೌಚಾಲಯ."

"ಇದೇನ್ರಿ ಸಾಹೇಬ್ರ?"

"ದಾನಿಗಳ ಇಚ್ಛಾ, ಅಕ್ಕಾರ," ನಿರ್ದೇಶಕರು ನೆಲ ನೋಡಿದರು. "ಅವರ ಅನುಭವ ಗಂಡಸರದಿತ್ತಲ್ರಿ."

ಬೀಗ ತೆಗೆದೆ. ದೂರದಲ್ಲಿ ಗುಂಪಾಗಿ ನಿಂತಿದ್ದ ಹುಡುಗಿಯರಿಗೆ, "ಬರ್ರಿ ನನ್ನವ್ವಗಳ್ರಾ!" ಎಂದು ಕೂಗಿದೆ. ಒಬ್ಬಳು ಓಡಿ ಬಂದಳು. ಹಿಂದೆಯೇ ಇನ್ನೊಬ್ಬಳು. ಆಮೇಲೆ ಬಸ್ಸಿನ ಬಾಗಿಲಿನಂತೆ ನೂಕಾಟ. ಒಳಗಿದ್ದವರನ್ನು ಹೊರಗೆಳೆಯುವ ಧೈರ್ಯ ಯಾವ ದಾನಿಗೂ, ಯಾವ ನಿರ್ದೇಶಕರಿಗೂ ಇರಲಿಲ್ಲ. ಬೀಗದ ಕೈ ನನ್ನ ಸೆರಗಿನ ತುದಿಯಲ್ಲೇ ಉಳಿಯಿತು.

ಆದರೆ ಕಲ್ಲಿನಲ್ಲಿ ಕೊರೆದದ್ದು ಅಳಿಸಲು ಬರುವುದಿಲ್ಲ. ಫಲಕ ಓದಿ ಗಂಡಸರು ಬರುತ್ತಾರೆ. ತಿರುಗಿಸಿ ಕಳಿಸಲು ಒಬ್ಬರು ಬೇಕು. ಹೀಗಾಗಿ ಹಳೆಯ ವಿದ್ಯಾರ್ಥಿಗಳ ಸಂಘದ ಮುಖ್ಯಸ್ಥೆಯ ಕುರ್ಚಿ ಈಗ ಶೌಚಾಲಯದ ಬಾಗಿಲಿಗೆ ಬಂದಿದೆ. ಹುಡುಗಿಯರು ನನ್ನ ಮುಂದೆಯೇ ಗಟಗಟ ನೀರು ಕುಡಿಯುತ್ತಾರೆ.

ಮೊನ್ನೆ ಸೂಟು ಹಾಕಿದವನೊಬ್ಬ ಕಾರಿನಿಂದಿಳಿದು ಅವಸರದಲ್ಲಿ ಬಂದ. ಇಲ್ಲೇ ಓದಿದವನಂತೆ, ಏನೋ ಸರ್ಟಿಫಿಕೇಟಿಗೆ ಬಂದಿದ್ದನಂತೆ. ನಾನು ಯಾರೆಂದು ಅವನು ಕೇಳಲಿಲ್ಲ. ಒಂದು ನಾಣ್ಯ ನನ್ನ ಅಂಗೈಗೆ ಒತ್ತಿ, "ಅರ್ಜೆಂಟ್ ಐತಿ ಬಾಯಾರ, ಲಗೂ ಬಿಡ್ರಿ" ಎಂದ.

"ಇದು ಹೆಣ್ಣಮಕ್ಕಳದು. ಗಂಡಸರದು ಆ ಕಡಿ ಐತಿ, ಹೋಗು."

ಅವನು ಹೋದ. ನಾಣ್ಯವನ್ನು ನಾನು ವಾಪಸ್ ಕೊಡಲಿಲ್ಲ. ಇಷ್ಟು ದಿನದ ನನ್ನ ಮುಂದಾಳತ್ವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ನನ್ನ ಕೈಗೇ ಕೊಟ್ಟ ದೇಣಿಗೆ ಅದೊಂದೇ!