ಕೆಂಪಯ್ಯ ನೊಣ ಕಟ್ಟಿದ್ದು

"ಎರೆಹುಳ ಚುಚ್ಚಿ ಮೀನು ಹಿಡಿಯೋದು ಒಂದು ವಿದ್ಯೇನಾ? ಅದು ಹುಳದ ಪ್ರತಾಪ, ಮನುಷ್ಯನದಲ್ಲ. ನಾಡಿದ್ದು ಭಾನುವಾರ ಬುಟ್ಟು ಅದರಾಚೆ ಭಾನುವಾರ, ಕಣ್ವ ಕೆರೆ ದಡದಲ್ಲಿ ನಿಮಗೆಲ್ಲ ಮೀನುಸಾರಿನ ಊಟ. ಒಂದು ಹುಳ ಮುಟ್ಟದೆ ಹಿಡೀತೀನಿ."

ರಾಮನಗರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಕೆಂಪಯ್ಯ ಹೀಗೆಂದು ಸಾರಿದ್ದು ಎಂಬತ್ತೆಂಟನೇ ಇಸವಿಯ ಒಂದು ಶುಕ್ರವಾರ, ಟೀ ಹೊತ್ತಿನಲ್ಲಿ. ಅವನಿಗೆ ಆಗ ನಲವತ್ತಾರು ವರ್ಷ. ಆ ನಲವತ್ತಾರು ವರ್ಷಗಳಲ್ಲಿ ಅವನು ಹಿಡಿದ ಮೀನುಗಳ ಸಂಖ್ಯೆ ಸೊನ್ನೆ.

ಈ ಧೈರ್ಯಕ್ಕೆ ಕಾರಣ ಒಂದು ಬಟ್ಟೆಚೀಲ. ಅದೇ ಕಚೇರಿಯಿಂದ ನಿವೃತ್ತರಾಗಿ ಊರಿಗೆ ಹೊರಟಿದ್ದ ಕೊಡಗಿನ ಇಂಜಿನಿಯರೊಬ್ಬರು, ಮನೆ ಸಾಮಾನು ಕಟ್ಟಿಕೊಟ್ಟ ಕೆಂಪಯ್ಯನಿಗೆ ಅದನ್ನು ಕೊಟ್ಟುಹೋಗಿದ್ದರು. ಒಳಗೆ ಮೂರು ತುಂಡಾಗಿ ಬಿಚ್ಚಿಕೊಳ್ಳುವ ಬಳುಕುವ ಕೋಲು, ದಪ್ಪ ದಾರ ಸುತ್ತಿದ ರಾಟೆ, ಒಂದು ತಗಡಿನ ಡಬ್ಬಿ, ಒಂದು ಹಳೆಯ ಇಂಗ್ಲಿಷ್ ಪುಸ್ತಕ. ಇವುಗಳಿಂದ ಮೀನು ಹಿಡಿಯುವುದಕ್ಕೆ ಫ್ಲೈ ಫಿಶಿಂಗ್ ಎಂದು ಹೆಸರು. ಪುಕ್ಕವನ್ನು ನೊಣದ ಆಕಾರಕ್ಕೆ ಗಾಳಕ್ಕೆ ಕಟ್ಟಿ, ಗಾಳಿಯಲ್ಲಿ ಹಾರಿಸಿ ನೀರಿನ ಮೇಲೆ ಇಳಿಸಬೇಕು. ಮೀನು ನಿಜವಾದ ನೊಣವೆಂದೇ ನಂಬಿ ಬಾಯಿ ಹಾಕಬೇಕು. "ನಿನಗೆ ತಾಳ್ಮೆ ಇದೆ, ಕಲಿ ಕೆಂಪಯ್ಯ" ಎಂದಿದ್ದರು ಇಂಜಿನಿಯರು. ಕೆಂಪಯ್ಯನ ಮೇಜಿನ ಮೇಲೆ ಕಡತಗಳು ಎಷ್ಟು ಕಾಲ ನೆಮ್ಮದಿಯಾಗಿ ಮಲಗಿರುತ್ತವೆಂಬುದನ್ನು ಅವರು ಕಣ್ಣಾರೆ ಕಂಡವರು.

"ನೊಣ ಹಾಕಿದ್ರೆ ಮೀನು ಬತ್ತದಾ?" ಎಂದು ಪಕ್ಕದ ಮೇಜಿನ ಬಸವಯ್ಯ ಕೇಳಿದ. "ಹಂಗಾದ್ರೆ ನಮ್ಮ ಕ್ಯಾಂಟೀನಿನ ಟೀಯಲ್ಲಿ ಇಷ್ಟೊತ್ತಿಗೆ ಒಂದು ತಿಮಿಂಗಿಲ ಇರ್ಬೇಕಿತ್ತು ಕಣ್ಲಾ."

ನಕ್ಕರೂ, ಊಟಕ್ಕೆ ಬರುತ್ತೇವೆಂದು ಏಳು ಜನ ಹೆಸರು ಕೊಟ್ಟರು.

ಆ ಸಂಜೆಯೇ ಕೆಂಪಯ್ಯ ನಡುಮನೆಯಲ್ಲಿ ಪುಸ್ತಕ ಹರವಿಕೊಂಡು ಕೂತ. ಹೆಂಡತಿ ಮುನಿರತ್ನಮ್ಮ ಅವರೆಕಾಯಿ ಸುಲಿಯುತ್ತ ಎದುರಿಗೆ ಕೂತಳು.

"ಇದು ನೋಡು, ಲೀಡರು. ದಪ್ಪ ದಾರದ ತುದಿಗೆ ಕಟ್ಟೋ ಸಣ್ಣ ನೈಲಾನ್ ಎಳೆ. ಇದರ ಗುಣ ಏನಪ್ಪಾ ಅಂದ್ರೆ, ಮೀನಿನ ಕಣ್ಣಿಗೆ ಕಾಣಬಾರದು."

"ಲೀಡರು ಕಣ್ಣಿಗೆ ಕಾಣಕಿಲ್ಲ ಅನ್ನೋದು ನಮಗೂ ಗೊತ್ತು. ಎಲೆಕ್ಷನ್ ಮುಗಿದ ಮೇಲೆ ಯಾವನು ಕಂಡವನೆ?"

"ತಮಾಷೆ ಬುಡು. ಇದು ಕ್ಲಿಂಚ್ ಅನ್ನೋ ಗಂಟು. ಗಾಳದ ಕಣ್ಣಲ್ಲಿ ಎಳೆ ಪೋಣಿಸಿ, ಐದು ಸುತ್ತು ಸುತ್ತಿ, ತುದೀನ ಮೊದಲನೇ ಸುತ್ತಿನೊಳಗೆ ತೂರಿಸಿ, ಎಂಜಲು ಹಚ್ಚಿ ಎಳೆದ್ರೆ, ಆನೆ ಎಳೆದ್ರೂ ಬಿಚ್ಚಕಿಲ್ಲ."

ಅವನು ಎಳೆದ. ಆನೆ ಬೇಕಾಗಲಿಲ್ಲ. ಗಂಟು ತಾನಾಗಿ ಬಿಚ್ಚಿಕೊಂಡು ಹಂದಿಯ ಬಾಲದಂತೆ ಸುರುಳಿಯಾಗಿ ನಿಂತಿತು.

"ನನ್ನ ಕುತ್ತಿಗೆಗೆ ಮೂರು ಗಂಟು ಹಾಕಕ್ಕೇ ನಿಮ್ಮಕ್ಕ ಕೈ ಹಿಡಿದು ಹಾಕಿಸಿದ್ರು" ಎಂದಳು ಮುನಿರತ್ನಮ್ಮ, ಅವರೆಕಾಯಿಯಿಂದ ತಲೆ ಎತ್ತದೆ. "ಇದು ಐದು ಸುತ್ತು ಬೇರೆ."

ಗಂಟಿನ ವಿಚಾರ ಬದಿಗಿಟ್ಟು ಕೆಂಪಯ್ಯ ಕೋಲು ಬೀಸುವ ಅಧ್ಯಾಯಕ್ಕೆ ಹಾರಿದ. 'ಹತ್ತು ಗಂಟೆಗೂ ಒಂದು ಗಂಟೆಗೂ ನಡುವೆ ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸತಕ್ಕದ್ದು' ಎಂದಿತ್ತು. ಸರ್ಕಾರಿ ಸುತ್ತೋಲೆಯಷ್ಟು ಸ್ಪಷ್ಟ. ಶನಿವಾರ ರಜೆ ಬರೆದುಕೊಟ್ಟು, ತಾರಸಿ ಹತ್ತಿ, ಗಡಿಯಾರ ನೋಡಿಕೊಂಡು, ಸರಿಯಾಗಿ ಹತ್ತು ಗಂಟೆಗೆ ಶುರುಮಾಡಿ ಒಂದು ಗಂಟೆಯವರೆಗೆ ಬಿಡದೆ ಬೀಸಿದ. ಗಾಳ ಕಟ್ಟಿರಲಿಲ್ಲವಾದ್ದರಿಂದ ಯಾರಿಗೂ ಅಪಾಯವಾಗಲಿಲ್ಲ. ಕೆಳಗಿಳಿದಾಗ ತುತ್ತನ್ನು ಬಾಯಿಯವರೆಗೆ ಎತ್ತಲು ಬಲಗೈ ಒಪ್ಪಲಿಲ್ಲ.

ಸಂಜೆ ಪುಟ ತಿರುವಿದರೆ ಅಲ್ಲೊಂದು ಚಿತ್ರ. ದೊರೆಯೊಬ್ಬ ದೊಡ್ಡ ಗಡಿಯಾರದ ಮುಖದ ಮುಂದೆ ನಿಂತಿದ್ದಾನೆ. ಕೋಲು ಮುಂದೆ ವಾಲಿ ನಿಲ್ಲಬೇಕಾದ ಜಾಗದಲ್ಲಿ ಹತ್ತು, ಹಿಂದೆ ನಿಲ್ಲಬೇಕಾದ ಜಾಗದಲ್ಲಿ ಒಂದು. ಹೊತ್ತಿಗೂ ಅದಕ್ಕೂ ಸಂಬಂಧವಿಲ್ಲ. ಕೆಂಪಯ್ಯ ಪುಸ್ತಕವನ್ನು ಮೆಲ್ಲಗೆ ಮುಚ್ಚಿದ. ಆದರೆ ಭುಜಕ್ಕೆ ನೀಲಗಿರಿ ಎಣ್ಣೆ ತಿಕ್ಕುತ್ತಿದ್ದ ಮುನಿರತ್ನಮ್ಮ ಚಿತ್ರವನ್ನು ಆಗಲೇ ನೋಡಿಬಿಟ್ಟಿದ್ದಳು.

"ಸದ್ಯ, ಹತ್ತರಿಂದ ಐದು ಅಂತ ಬರೆದಿರ್ಲಿಲ್ಲ" ಎಂದಳು.

ಇನ್ನು ಉಳಿದದ್ದು ನೊಣ. ತಗಡಿನ ಡಬ್ಬಿಯಲ್ಲಿದ್ದ ದೊರೆಗಳ ಕಾಲದ ನೊಣಗಳ ಪುಕ್ಕವನ್ನೆಲ್ಲ ನುಸಿ ತಿಂದು ಬರೀ ಗಾಳ ಉಳಿದಿದ್ದವು. ಹೊಸದಾಗಿ ಕಟ್ಟಬೇಕು. ಪುಸ್ತಕದ ಪ್ರಕಾರ ಅದಕ್ಕೆ ಬೇಕಾದದ್ದು ಎರಡೇ: ಸಣ್ಣ ರೇಷ್ಮೆ ದಾರ, ಹುಂಜದ ಕತ್ತಿನ ಗರಿ. ರೇಷ್ಮೆಗೆ ರಾಮನಗರದಲ್ಲಿ ಬರವೇ? ಹುಂಜಕ್ಕೂ ಬರವಿರಲಿಲ್ಲ. ಹಿತ್ತಲಲ್ಲೇ ಒಂದಿತ್ತು.

ಆದರೆ ಅದು ಸಾಮಾನ್ಯ ಹುಂಜವಲ್ಲ. ಕೆಂಪಯ್ಯನ ಅತ್ತೆ ದೊಡ್ಡಲಕ್ಷ್ಮಮ್ಮ ಮಗಳ ಮನೆಯಲ್ಲೇ ಇದ್ದರು. ಕಣ್ಣಿನ ಪೊರೆ ತೆಗೆಸಿಕೊಳ್ಳುವ ಮುಂಚೆ, ದೃಷ್ಟಿ ಬಂದರೆ ಹುಂಜ ಒಪ್ಪಿಸುತ್ತೇನೆಂದು ಕಬ್ಬಾಳಮ್ಮನಿಗೆ ಹರಕೆ ಹೊತ್ತಿದ್ದರು. ದೃಷ್ಟಿ ಬಂದಿತ್ತು. ಹುಂಜವೂ ಬೆಳೆದಿತ್ತು. ಕತ್ತಿನ ಸುತ್ತ ಬೆಂಕಿಯ ಬಣ್ಣದ ಗರಿಗಳು. ಒಂದೊಂದರ ತುದಿಗೂ ಕಾಡಿಗೆಯ ಬೊಟ್ಟು ಇಟ್ಟ ಹಾಗೆ ಕಪ್ಪು ಚುಕ್ಕಿ. ಅತ್ತೆ ದಿನಾ ಅದನ್ನು ಮಡಿಲಲ್ಲಿ ಕೂರಿಸಿಕೊಂಡು ರಾಗಿ ತಿನ್ನಿಸುತ್ತಿದ್ದರು. ಅಳಿಯನಿಗೂ ಅಷ್ಟು ಉಪಚಾರ ನಡೆದದ್ದಿಲ್ಲ.

ಎರಡೇ ಗರಿ, ದೇವಿಗೆ ಗೊತ್ತೂ ಆಗುವುದಿಲ್ಲ ಎಂದುಕೊಂಡ ಕೆಂಪಯ್ಯ. ಸೋಮವಾರ ಬೆಳಿಗ್ಗೆ ಅತ್ತೆ ಹಾಲು ತರಲು ಹೋದಾಗ, ಹೆಂಡತಿ ಕೊಳಾಯಿಯ ಹತ್ತಿರ ಇದ್ದಾಗ, ಹುಂಜವನ್ನು ಮುಚ್ಚಿಟ್ಟಿದ್ದ ಬಿದಿರು ಮಂಕರಿ ಎತ್ತಿ ಕೈ ಹಾಕಿದ. ಹುಂಜಕ್ಕೆ ಈ ಲೆಕ್ಕಾಚಾರ ತಿಳಿದಿರಲಿಲ್ಲ. ಅದು ಒದ್ದಾಡಿ ಕೊಸರಿಕೊಂಡು ತಪ್ಪಿಸಿಕೊಂಡಾಗ ಎರಡು ಗರಿಯಲ್ಲ, ಒಂದು ಹಿಡಿ ಅವನ ಕೈಯಲ್ಲಿತ್ತು. ಕತ್ತು ಬೋಳಾದ ಹುಂಜ ಅವನನ್ನು ಒಂದು ಕ್ಷಣ ನೋಡಿತು. ಮೇಲಧಿಕಾರಿಗಳು ಕೂಡ ಅವನನ್ನು ಹಾಗೆ ನೋಡಿರಲಿಲ್ಲ. ಅವನು ಅದರ ಮೇಲೆ ಮಂಕರಿ ಕವುಚಿ ಪಕ್ಕದ ಮನೆಗೆ ನಡೆದ.

ಪಕ್ಕದ ಮನೆ ಗುಲ್ಜಾರ್ ಬೀಯದು. ರೇಷ್ಮೆ ಬಿಚ್ಚುವ ಕಸುಬು. ಮೂವತ್ತು ವರ್ಷದಿಂದ ಬಿಸಿನೀರಿನಲ್ಲಿ ಗೂಡು ಬೇಯಿಸಿ, ಕಡಿದ ಎಳೆಗಳನ್ನು ಹುಡುಕಿ ಗಂಟು ಹಾಕುತ್ತ ಬಂದ ಹೆಂಗಸು.

"ಒಸಿ ರೇಷ್ಮೆ ದಾರ ಬೇಕಿತ್ತು ಗುಲ್ಜಾರಮ್ಮ. ಆಫೀಸಲ್ಲಿ ಫೈಲು ಹೊಲಿಯಕ್ಕೆ."

ಗುಲ್ಜಾರ್ ಬೀ ಅವನನ್ನು ಮೇಲಿಂದ ಕೆಳಗೆ ನೋಡಿ, ಏನೂ ಕೇಳದೆ ದಾರ ಕೊಟ್ಟಳು. ಹಾಗೇ ಇನ್ನೊಂದು ಸಹಾಯವೂ ಆಗಲೆಂದು ಅವನು ಜೇಬಿನಿಂದ ನೈಲಾನ್ ಎಳೆಯನ್ನೂ ಗಾಳವನ್ನೂ ತೆಗೆದು, ಪುಸ್ತಕದ ಗಂಟನ್ನು ಬಾಯಲ್ಲಿ ವಿವರಿಸಿದ. ಅವಳು ಎರಡೇ ಬೆರಳಲ್ಲಿ, ಕಣ್ಣು ಅವನ ಮುಖದ ಮೇಲೇ ಇಟ್ಟುಕೊಂಡು, ಅವನು ಮೂರನೇ ಸುತ್ತು ಹೇಳುವಷ್ಟರಲ್ಲಿ ಗಂಟು ಮುಗಿಸಿ ಕೈಗಿತ್ತಳು. ಆನೆ ಎಳೆದರೂ ಬಿಚ್ಚದ ಗಂಟು.

ಒಳಗೆ ಕೂತು ಅವನು ಗಾಳಕ್ಕೆ ಗರಿ ಸುತ್ತುತ್ತಿರುವಾಗಲೇ ಹಿತ್ತಲಿನಿಂದ ಕೂಗು ಕೇಳಿಸಿತು. ಅತ್ತೆ ಮಂಕರಿ ಎತ್ತಿದ್ದರು.

"ಯಾವ ಮನೆಹಾಳರು ಮಾಡಿದ್ರೇ ಇದನ್ನ? ಅಮ್ಮನಿಗೆ ಬುಟ್ಟಿದ್ದ ಹುಂಜ ಕಣೇ ರತ್ನಾ. ಅಂಗಹೀನ ಆದ ಹುಂಜಾನ ಅಮ್ಮ ಹೆಂಗೆ ಒಪ್ಕತ್ತಳೆ?"

ಅನುಮಾನ ಬೀಳಲು ದೂರ ಹೋಗಬೇಕಾಗಲಿಲ್ಲ. ಗುಲ್ಜಾರ್ ಬೀಯ ಅಂಗಳದಲ್ಲಿ ಒಣಗಲು ಹಾಕಿದ ರೇಷ್ಮೆಹುಳಗಳನ್ನು ಆ ಹುಂಜ ಆಗಾಗ ಗೋಡೆ ಹಾರಿ ತಿಂದು ಬರುತ್ತಿತ್ತು. ಹಿಂದಿನ ವಾರವಷ್ಟೇ ಅವಳು "ಇದನ್ನ ಕಟ್ಟಿಹಾಕಿ ಲಕ್ಷ್ಮಕ್ಕ, ಇಲ್ಲಾಂದ್ರೆ ನಾನೇ ಪುಕ್ಕ ಕೀಳ್ತೀನಿ" ಎಂದು ನಗುತ್ತ ಹೇಳಿದ್ದಳು. ಈಗ ಆ ನಗು ಅತ್ತೆಗೆ ನೆನಪಾಗಲಿಲ್ಲ, ಮಾತು ಮಾತ್ರ ನೆನಪಾಯಿತು.

"ಹೇಳ್ದಂಗೇ ಮಾಡಿದ್ಯಲ್ಲ ಗುಲ್ಜಾರಮ್ಮ" ಎಂದು ಗೋಡೆಯ ಬಳಿ ನಿಂತು ಕೂಗಿದರು. "ಹದಿನೈದು ವರ್ಷ ಒಂದೇ ಬಟ್ಟಲಲ್ಲಿ ಸಾರು ಹಂಚ್ಕಂಡು ತಿಂದಿದ್ದಕ್ಕೆ ಇದೇನಾ ನೀನು ಮಾಡಿದ್ದು?"

ಆ ಕಡೆಯಿಂದ ಗುಲ್ಜಾರ್ ಬೀಯ ಧ್ವನಿ, ಮೆಲ್ಲಗೆ: "ನಾನು ಮಾಡಿಲ್ಲ ಲಕ್ಷ್ಮಕ್ಕ. ಅಷ್ಟೇ ನಾನು ಹೇಳೋದು."

ಕೆಂಪಯ್ಯ ಕೋಣೆಯ ಬಾಗಿಲವರೆಗೆ ಬಂದ. ಬೆರಳ ತುದಿಯಲ್ಲಿ ಅರೆ ಕಟ್ಟಿದ ನೊಣ. ಹೊಸ್ತಿಲು ದಾಟಿ ಎರಡು ಮಾತು ಆಡಿದ್ದರೆ ಸಾಕಿತ್ತು. ದಾಟಲಿಲ್ಲ. ಹಿಂದಿರುಗಿ ಕೂತು, ಬಾಗಿಲು ಮುಂದೆ ಮಾಡಿಕೊಂಡು, ಉಳಿದ ಅರ್ಧ ನೊಣವನ್ನೂ ಕಟ್ಟಿ ಮುಗಿಸಿದ.

ಆ ವಾರವಿಡೀ ಗೋಡೆಯ ಮೇಲೆ ಬಟ್ಟಲು ದಾಟಲಿಲ್ಲ. ಅತ್ತೆ ಸಂಜೆ ಹೊತ್ತು ಗೋಡೆಗೆ ಬೆನ್ನು ಹಾಕಿ ಕೂರುತ್ತಿದ್ದರು. ಆ ಕಡೆಯಿಂದ ಕೆಮ್ಮು ಕೇಳಿದರೆ ಒಂದು ಗಳಿಗೆ ಅತ್ತ ಕಿವಿ ತಿರುಗಿ, ಮತ್ತೆ ಈ ಕಡೆ ಬರುತ್ತಿತ್ತು. ಕೆಂಪಯ್ಯ ದಿನಾ ಅರ್ಧ ಮುದ್ದೆ ಬಿಟ್ಟು ಏಳುತ್ತಿದ್ದ. ಮೊದಲು ಮೀನು ಹಿಡಿಯೋಣ, ಮೀನು ಹಿಡಿದವನನ್ನು ಎಲ್ಲರೂ ಕ್ಷಮಿಸುತ್ತಾರೆ, ಆಮೇಲೆ ಹೇಳಿದರಾಯಿತು ಎಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡ. ಅವನ ಮೇಜಿನ ಮೇಲೆ ಇನ್ನೊಂದು ಕಡತ ಮಲಗಿತು.

ಭಾನುವಾರ ಬಂತು. ಕೆಂಗಲ್‌ನಲ್ಲಿ ಬಸ್ಸಿಳಿದು, ಬಾಡಿಗೆ ಟೆಂಪೋ ಹತ್ತಿ, ಕೆಂಪಯ್ಯನ ಜೊತೆ ಏಳು ಜನ ಗುಮಾಸ್ತರು, ಮುನಿರತ್ನಮ್ಮ, ಅತ್ತೆ ಕಣ್ವದ ದಡ ಮುಟ್ಟಿದರು. ಮೂರು ಕಲ್ಲಿನ ಒಲೆ ಹೂಡಿದ್ದಾಯಿತು. ಮಸಾಲೆ ಅರೆದು ತಂದಿತ್ತು. ಹುಣಸೆಹಣ್ಣು ನೆನೆದಿತ್ತು. ಮುದ್ದೆ ತೊಳಸಿ ಇಟ್ಟದ್ದಾಯಿತು. ಇನ್ನು ಮೀನು ಬರುವುದೊಂದೇ ಬಾಕಿ.

ಕೆಂಪಯ್ಯ ಪ್ಯಾಂಟು ಮಡಚಿ ಮೊಣಕಾಲುದ್ದ ನೀರಿಗಿಳಿದು ನಿಂತ. ಹಿಂದೆ ಏಳು ಜನ ಕೈಕಟ್ಟಿ ಕೂತಿದ್ದರು.

"ಬ್ಯಾಕ್ ಕಾಸ್ಟ್" ಎಂದು ವಿವರಿಸಿದ, ಕೋಲು ಹಿಂದಕ್ಕೆ ಬೀಸುತ್ತ. "ದಾರ ಹಿಂದೆ ಪೂರ್ತಿ ಚಾಚ್ಕಳೋವರೆಗೆ ಕಾಯ್ಬೇಕು. ಇದರಲ್ಲೇ ಇರೋದು ತಾಳ್ಮೆ."

ಆದರೆ ಏಳು ಜೊತೆ ಕಣ್ಣು ಬೆನ್ನಿಗೆ ನೆಟ್ಟಿರುವಾಗ ತಾಳ್ಮೆ ಎಲ್ಲಿಂದ ಬರಬೇಕು? ದಾರ ಚಾಚಿಕೊಳ್ಳುವ ಮುಂಚೆಯೇ ಮುಂದಕ್ಕೆ ಬೀಸಿದ. ಗಾಳಿಯಲ್ಲಿ ಸುಂಯ್ ಎಂದು ಒಂದು ಶಬ್ದ. ಮರುಕ್ಷಣ ಕೆಂಪಯ್ಯ ನೆಟ್ಟಗಾಗಿ, ಕಣ್ಣರಳಿಸಿ, ಮೈಮೇಲೆ ದೇವರು ಬಂದವನಂತೆ ನಿಂತುಬಿಟ್ಟ.

"ಬಿತ್ತೇನ್ಲಾ ಮೀನು?" ಎಂದ ಬಸವಯ್ಯ.

"ಇಲ್ಲ, ನಾನು" ಎಂದ ಕೆಂಪಯ್ಯ.

ಗಾಳ ಪ್ಯಾಂಟನ್ನು ದಾಟಿ, ಮನುಷ್ಯ ಯಾವ ಭಾಗದ ಮೇಲೆ ಕೂರುತ್ತಾನೋ ಆ ಭಾಗದಲ್ಲಿ ಆಳವಾಗಿ ಇಳಿದಿತ್ತು. ಬಸವಯ್ಯ ಎಳೆದು ನೋಡಿದ. ಮುಳ್ಳಿಗೆ ಹಿಮ್ಮುಖದ ಕೊಕ್ಕೆ ಇತ್ತು. ಗುಲ್ಜಾರ್ ಬೀಯ ಗಂಟೂ ಅಲುಗಲಿಲ್ಲ. ದಾರ ಕತ್ತರಿಸಿ, ಕೆಂಪಯ್ಯನನ್ನು ಟೆಂಪೋದಲ್ಲಿ ಬೋರಲು ಮಲಗಿಸಿಕೊಂಡು ಅತ್ತೆಯೂ ಹೆಂಡತಿಯೂ ಊರಿನ ಕ್ಲಿನಿಕ್ಕಿಗೆ ಕರೆತಂದರು. ಉಳಿದವರು ಅರೆದ ಮಸಾಲೆಗೆ ಯಾರದೋ ಹೊಲದ ಬದನೆಕಾಯಿ ಹಾಕಿ, ಮೀನಿಲ್ಲದ ಮೀನುಸಾರು ಮಾಡಿಕೊಂಡು ಉಂಡರಂತೆ.

ಡಾಕ್ಟರು ಸೂಜಿ ಚುಚ್ಚಿ, ಕೊಯ್ದು, ಚಿಮ್ಮಟದಲ್ಲಿ ಗಾಳವನ್ನು ಹೊರತೆಗೆದು ಬೆಳಕಿಗೆ ಹಿಡಿದರು. "ಇದೇನ್ರೀ ಇದು, ಪುಕ್ಕ ಬೇರೆ ಇದೆ?"

ಬಾಗಿಲಲ್ಲಿದ್ದ ದೊಡ್ಡಲಕ್ಷ್ಮಮ್ಮ ಹತ್ತಿರ ಬಂದರು. ಪೊರೆ ತೆಗೆಸಿದ ಕಣ್ಣು ಚೆನ್ನಾಗಿ ಕಾಣುತ್ತಿತ್ತು. ಬೆಂಕಿಯ ಬಣ್ಣದ ಗರಿ, ತುದಿಗೆ ಕಾಡಿಗೆ ಬೊಟ್ಟು. ಬಹಳ ಹೊತ್ತು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಕೆಂಪಯ್ಯನಿಗೆ ಒಸಿ ಹಗುರಾಗುತ್ತಿತ್ತು.

"ಏಳಿ ಅಳಿಮಯ್ಯ" ಎಂದರು ಕಡೆಗೆ. "ಮೊದಲು ಪಕ್ಕದ ಮನೆಗೆ ಹೋಗ್ಬೇಕು."

ಅತ್ತೆ ಗೋಡೆಯ ಈ ಕಡೆಯೇ ನಿಂತರು. ಆ ಕಡೆಗೆ ಹೋಗಲು ಅವರಿಗೂ ಮುಖವಿರಲಿಲ್ಲ. ಕೆಂಪಯ್ಯ ಒಬ್ಬನೇ, ಒಂದು ಕಾಲು ಎಳೆಯುತ್ತ, ಗುಲ್ಜಾರ್ ಬೀಯ ಅಂಗಳಕ್ಕೆ ಹೋದ.

"ಬನ್ನಿ ಕೆಂಪಯ್ಯನೋರೆ, ಕೂತ್ಕಳಿ."

"ಇಲ್ಲ, ನಿಂತಿರ್ತೀನಿ." ಅವನು ನೆಲ ನೋಡಿದ. "ಹುಂಜದ ಪುಕ್ಕ ಕಿತ್ತಿದ್ದು ನಾನು."

"ಗೊತ್ತು."

"ಅತ್ತೆ ಆಗಲೇ ಹೇಳಿದ್ರಾ?"

"ಇಲ್ಲ. ಸೋಮವಾರ ನೀವು ದಾರ ಈಸ್ಕಳಕ್ಕೆ ಬಂದಾಗ ತಲೆಕೂದಲಲ್ಲಿ ಒಂದು ಗರಿ ಸಿಕ್ಕಾಕ್ಕಂಡಿತ್ತು."

ಕೆಂಪಯ್ಯನ ಕೈ ತಾನಾಗಿ ತಲೆಗೆ ಹೋಯಿತು. "ಮತ್ತೆ ಅವತ್ತು ಅಷ್ಟು ಮಾತು ಅನ್ನಿಸ್ಕಂಡ್ರಲ್ಲ, ಯಾಕೆ ಹೇಳ್ಲಿಲ್ಲ?"

"ಹೆಂಗೆ ಹೇಳ್ಲಿ? ನೀವು ಆ ಮನೆ ಅಳಿಯ. ಅತ್ತೆ ಮುಂದೆ ನಿಮ್ಮ ಮರ್ಯಾದೆ ನಾನು ತೆಗೀಬಾರದು. ನೀವೇ ಬಂದು ಹೇಳ್ತೀರಿ ಅಂತ ಕಾಯ್ತಿದ್ದೆ." ಅವಳು ಸೆರಗು ಸರಿಮಾಡಿಕೊಂಡಳು. "ಆರು ದಿನ ಕಾದೆ."

ಕೊಯ್ದ ಗಾಯಕ್ಕೆ ಔಷಧಿ ಹಚ್ಚಿದಾಗಲೂ ಅಷ್ಟು ಉರಿದಿರಲಿಲ್ಲ. "ತಪ್ಪಾಯ್ತು ಗುಲ್ಜಾರಮ್ಮ" ಎಂದು ಕೈಮುಗಿದ.

ಗೋಡೆಯ ಆಚೆಯಿಂದ ದೊಡ್ಡಲಕ್ಷ್ಮಮ್ಮನ ಧ್ವನಿ ಬಂತು. "ನಂದೂ ತಪ್ಪಾಯ್ತು ಕಣೇ ಗುಲ್ಜಾರಮ್ಮ. ನಿನ್ನ ಒಂದು ಮಾತು ಕೇಳ್ದೆ ಅಂದ್ಬುಟ್ಟೆ."

"ಬುಡಿ ಲಕ್ಷ್ಮಕ್ಕ. ಕೊನೆಗೂ ಅವರೇ ಬಾಯಿ ಬಿಟ್ಟು ಹೇಳಿದ್ರಲ್ಲ."

"ಹೇಳಿದ್ರು, ಹೇಳಿದ್ರು" ಎಂದರು ಅತ್ತೆ, ಮೂಗು ಒರೆಸಿಕೊಳ್ಳುತ್ತ. "ಮೀನಿಗಾದ್ರೆ ಗಾಳ ಬಾಯಿಗೇ ಹಾಕ್ತಾರೆ. ನಮ್ಮ ಅಳಿಮಯ್ಯನ ಬಾಯಿ ತೆರಸಕ್ಕೆ ಅದನ್ನ ಎಲ್ಲಿಗೆ ಹಾಕಬೇಕಾಯ್ತು ನೋಡು."