ಮಾವನ ಬರಣಿಯನ್ನು ತೊಳೆಯಬಾರದು

ರಾಯಚೂರಿನಲ್ಲಿ ಧೂಳಿನಿಂದ ಕಣ್ಣೀರು ಹಾಕದವರು ಯಾರಿದ್ದಾರೆ? ಬಸ್ ನಿಲ್ದಾಣದಲ್ಲಿ ಇಳಿದವರು ಮೊದಲು ಕಣ್ಣೊರೆಸಿಕೊಂಡು, ಆಮೇಲೆ ಆಟೋದವನನ್ನು ಕರೆಯುವುದು ಇಲ್ಲಿನ ಪದ್ಧತಿ. ಆದರೆ ಧೂಳು ಸಿಗಲಿಲ್ಲವಲ್ಲ ಎಂದು ಕಣ್ಣೀರು ಹಾಕಿದ ಮಹಾಪುರುಷ ಈ ಜಿಲ್ಲೆಗೆಲ್ಲ ಒಬ್ಬನೇ. ಅವನು ನನ್ನ ಸೋದರಮಾವನೆಂದು ಹೇಳಿಕೊಳ್ಳಲು ನನಗೆ ಅತ್ಯಂತ ಹೆಮ್ಮೆ. ಸ್ವಲ್ಪ ಸಂಕೋಚವೂ ಹೌದು.

ಮಾವ ಎಂದೋ ಬಿ.ಎಸ್ಸಿ. ಮುಗಿಸಿ ರಾಯಚೂರಿನ ಒಂದು ಹತ್ತಿ ಗಿರಣಿಯಲ್ಲಿ ತೂಕದ ಗುಮಾಸ್ತನಾಗಿ ಸೇರಿದವನು. ಮದುವೆಯಾಗಲಿಲ್ಲ. ಯಾಕೆ ಆಗಲಿಲ್ಲ ಎಂಬುದಕ್ಕೆ ನಮ್ಮ ಮನೆಯಲ್ಲಿ ತಲೆಗೊಂದು ಕಾರಣವಿದೆ. ಅವನ ಬಳಿ ಮಾತ್ರ ಒಂದೂ ಇಲ್ಲ. ಅಕ್ಕಿ ಗಿರಣಿಗಳ ಹಿಂದಿನ ಓಣಿಯಲ್ಲಿ ಮಾಳಿಗೆಯ ಮೇಲೊಂದು ಕೋಣೆ ಹಿಡಿದು, ಒಂದು ತಾಟು, ಒಂದು ಲೋಟ, ಒಂದು ಹಾಸಿಗೆ ಎಂಬ ಅದ್ವೈತ ಸಂಸಾರ ನಡೆಸಿಕೊಂಡಿದ್ದ. ಹೀಗಿರುವಾಗ ಮಾಲೀಕರು ಹತ್ತಿ ಗಿರಣಿಯನ್ನು ಮಾರಿಬಿಟ್ಟರು. ಮಾವ ಬೇರೆ ಗಿರಣಿ ಹುಡುಕಿದನೇ? ಇಲ್ಲ! ತಲೆಗೂದಲು ಅರ್ಧ ನೆರೆತ ಮೇಲೆ ವಿಶ್ವವಿದ್ಯಾಲಯಕ್ಕೆ ಹೋಗಿ ಪರಿಸರ ವಿಜ್ಞಾನದ ಎಂ.ಎಸ್ಸಿ.ಗೆ ಸೇರಿಕೊಂಡ.

ಈ ಸುದ್ದಿಯನ್ನು ಹೊತ್ತು ಅವನು ದೇವದುರ್ಗದ ನಮ್ಮ ಮನೆಗೆ ಬಂದಾಗ, ಅವನ ಅಕ್ಕ, ಅಂದರೆ ನಮ್ಮವ್ವ, ಸಜ್ಜೆ ರೊಟ್ಟಿ ಬಡಿಯುತ್ತಿದ್ದಳು. ಕೇಳಿಯೂ ಬಡಿಯುವುದನ್ನು ನಿಲ್ಲಿಸಲಿಲ್ಲ; ಇನ್ನಷ್ಟು ಜೋರಾಗಿ ಬಡಿದಳು.

“ಏನ್ ಓದಾಕ ಹೊಂಟೀಯೋ?”

“ಪರಿಸರ, ಯಕ್ಕಾ.”

“ಹಂಗಂದ್ರ?”

“ಗಾಳಿ, ನೀರು, ಮಣ್ಣು, ಧೂಳು...”

“ಧೂಳು ಓದಾಕ ಕಾಲೇಜ್ಯಾಕ ಬೇಕಲೇ? ಬಾಗಲಾ ತಗದ್ರ ಮನಿ ತುಂಬ ಬರ್ತದ!”

“ಬರ್ತದ ಯಕ್ಕಾ. ಎಷ್ಟ್ ಬರ್ತದ ಅನ್ನೋದು ಗೊತ್ತಾಗಬೇಕಲ್ಲ?”

“ನನ್ನ ಕೇಳು, ಹೇಳ್ತೀನಿ. ದಿನಾ ಕಸಾ ಹೊಡಿಯಾಕಿ ನಾನು!”

ಅಂದು ಸಂಜೆ ಕಟ್ಟೆಯ ಮೇಲೆ ಕುಳಿತಾಗ ಮಾವ ನನಗೊಬ್ಬನಿಗೇ ನಿಜ ಹೇಳಿದ. “ಅಳಿಯಾ, ಖರೇ ಹೇಳ್ಲೇನು? ಓದಿನ ಹುಚ್ಚು ಅರ್ಧ. ಇನ್ನರ್ಧ, ಕ್ಲಾಸಂದ್ರ ನಾಕ್ ಮಂದಿ ಇರ್ತಾರ, ಮಾತಿರ್ತದ, ಗದ್ಲ ಇರ್ತದ. ರೂಮಿನ್ಯಾಗ ಫ್ಯಾನ್ ಬಿಟ್ರ ಯಾರೂ ಮಾತಾಡಂಗಿಲ್ಲ ನೋಡು.”

ಆದರೆ ವಿಧಿ ಎಂಬುದೊಂದಿದೆಯಲ್ಲ! ಅವನ ಜೊತೆ ಸೇರಿದ್ದವರೇ ಬೆರಳೆಣಿಕೆಯಷ್ಟು. ಒಬ್ಬನಿಗೆ ಪೊಲೀಸ್ ಕೆಲಸ ಸಿಕ್ಕಿತು. ಒಬ್ಬಳಿಗೆ ಗಂಡ ಸಿಕ್ಕ. ಉಳಿದವರು ಬಿ.ಎಡ್. ಸೀಟು ಸಿಕ್ಕಿತೆಂದು ಹೊರಟರು. ದೀಪಾವಳಿ ಬರುವ ಹೊತ್ತಿಗೆ ಆ ವಿಶಾಲವಾದ ಕೊಠಡಿಯಲ್ಲಿ ಉಳಿದ ವಿದ್ಯಾರ್ಥಿ ಸಮುದಾಯವೆಂದರೆ ನನ್ನ ಮಾವ.

ಅವನೇ ತರಗತಿಯ ಪ್ರತಿನಿಧಿ, ಆಯ್ಕೆ ಅವಿರೋಧ. ಪರೀಕ್ಷೆಯಲ್ಲಿ ಮೊದಲನೆಯವನೂ ಅವನೇ, ಕೊನೆಯವನೂ ಅವನೇ. ಒಮ್ಮೆ ಅವನು ನೆಗಡಿಯಾಗಿ ಮಲಗಿದಾಗ, ಇಡೀ ಕ್ಲಾಸೇ ಒಗ್ಗಟ್ಟಾಗಿ ತಪ್ಪಿಸಿಕೊಂಡಿದೆ ಎಂದು ವಿಭಾಗದಲ್ಲಿ ಗುಲ್ಲೆದ್ದಿತಂತೆ! ಪಾಠ ಹೇಳುವ ಮೇಡಂ ವಯಸ್ಸಿನಲ್ಲಿ ಅವನಿಗಿಂತ ಬಹಳ ಚಿಕ್ಕವರು, ಶಿಸ್ತಿನಲ್ಲಿ ಬಹಳ ದೊಡ್ಡವರು. ದಿನವೂ ಹಾಜರಿ ಕೂಗುತ್ತಿದ್ದರು. ಮಾವ ಎದ್ದು ನಿಂತು “ಎಸ್ ಮೇಡಂ” ಎನ್ನುತ್ತಿದ್ದ. ಮೇಡಂ ರೂಢಿಯ ಬಲದಿಂದ ತಲೆಯೆತ್ತಿ, “ಸೈಲೆನ್ಸ್!” ಎನ್ನುತ್ತಿದ್ದರು. ಅಲ್ಲಿ ಅದಕ್ಕೇನು ಬರಗಾಲವೇ?

ಬೇಸರ ಕಳೆಯಲು ಮಾವ ಬೆಂಚು ಬದಲಿಸುತ್ತಿದ್ದ. ಒಂದು ದಿನ ಮುಂದೆ, ಒಂದು ದಿನ ಹಿಂದೆ, ಒಂದು ದಿನ ಕಿಟಕಿಯ ಬಳಿ. “ಹಿಂದಿನ ಬೆಂಚಿನ್ಯಾಗ ಮಜಾ ಇರ್ತದ ಅಂತಿದ್ರು. ಏನೂ ಇಲ್ಲಲೇ,” ಎಂದು ನನ್ನೆದುರು ದೂರಿದ. “ಒಬ್ಬನ ಇದ್ರ ಊಟದ ಡಬ್ಬಿ ಕದಿಯಾವ್ರೂ ಇರಂಗಿಲ್ಲ.”

ಓದು ಏರಿದಂತೆ ಜ್ಞಾನವೂ ತಲೆಗೇರಿತು. ಮಾನ್ವಿಯಲ್ಲಿ ಒಂದು ಮದುವೆ. ಡಿ.ಜೆ. ಪೆಟ್ಟಿಗೆಗಳ ಮುಂದೆ ಹುಡುಗರು ಕುಣಿಯುತ್ತಿರುವಾಗ, ನನ್ನ ಮಾವ ಶಬ್ದ ಅಳೆಯುವ ತಂತ್ರಾಂಶವಿದ್ದ ಮೊಬೈಲನ್ನು ಆ ಪೆಟ್ಟಿಗೆಯ ಬಾಯಿಗೆ ಹಿಡಿದು ನಿಂತ. ಅಳತೆ ನೋಡಿ ಗಾಬರಿಯಾಗಿ, ಡಿ.ಜೆ.ಯವನ ಕಡೆ ತಿರುಗಿ ಎರಡೂ ಕೈ ಮೇಲೆತ್ತಿ “ಭಾಳ ಆತು! ಭಾಳ ಆತು!” ಎಂದು ಕೂಗಿದ. ಆ ಗದ್ದಲದಲ್ಲಿ ಮಾತು ಯಾರಿಗೆ ಕೇಳಬೇಕು? ಎತ್ತಿದ ಕೈಗಳಷ್ಟೇ ಕಂಡವು. ಹಿರಿಯರೊಬ್ಬರು ಇಷ್ಟು ಹುರುಪಿನಿಂದ ಕುಣಿಯಲು ಬಂದಿದ್ದಾರೆಂದು ಡಿ.ಜೆ.ಯವನು ಧನ್ಯನಾಗಿ ಶಬ್ದವನ್ನು ಇನ್ನೊಂದು ಸುತ್ತು ಏರಿಸಿದ. ಹುಡುಗರು ಮಾವನನ್ನು ಹೆಗಲ ಮೇಲೆ ಹೊತ್ತು ಕುಣಿದರು! ಕೆಳಗಿಳಿದ ಮೇಲೆ ಸಿಟ್ಟಾಗಿರುತ್ತಾನೆಂದುಕೊಂಡಿದ್ದೆ. ಇಲ್ಲ. “ಛಲೋ ಹುಡುಗರು,” ಎಂದ.

ಕೊನೆಯ ವರ್ಷಕ್ಕೆ ಬಂದಾಗ ಪ್ರಾಜೆಕ್ಟ್ ಎಂಬ ಪರ್ವತ ಎದುರಾಯಿತು. ಅದಿಲ್ಲದೆ ಡಿಗ್ರಿ ಇಲ್ಲ. ಮಾವ ಆರಿಸಿಕೊಂಡ ವಿಷಯ, ಆಕಾಶದಿಂದ ಬೀಳುವ ಧೂಳು. ಕ್ರಮ ಬಹಳ ಸರಳ. ಅಗಲ ಬಾಯಿಯ ಜಾಡಿಯನ್ನು ಮಾಳಿಗೆಯ ಮೇಲೆ ತೆರೆದಿಡುವುದು. ತಿಂಗಳಾದ ಮೇಲೆ ಅದರೊಳಗೆ ಬಿದ್ದ ಧೂಳನ್ನು ತೂಗುವುದು. ಜಿಲ್ಲೆಯ ನಾಲ್ಕು ಕಡೆ ಇಟ್ಟು ಹೋಲಿಸಬೇಕು. ಪ್ರಯೋಗಾಲಯದ ಜಾಡಿಗಳ ಬಾಯಿಯೆಲ್ಲ ಒಡೆದಿದ್ದರಿಂದ ಮಾವ ಬಜಾರಿಗೆ ಹೋಗಿ ಉಪ್ಪಿನಕಾಯಿ ಹಾಕುವ ಗಾಜಿನ ಬರಣಿಗಳನ್ನು ಕೊಂಡು ತಂದ. ಮಹಾಯುದ್ಧಗಳು ಇಂಥ ಸಣ್ಣ ಕಾರಣಗಳಿಂದಲೇ ಹುಟ್ಟುವುದು.

ಒಂದು ಬರಣಿ ತನ್ನ ಕೋಣೆಯ ಮೇಲೆ. ಉಳಿದವನ್ನು ಚೀಲಕ್ಕೆ ಹಾಕಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ದಿಗ್ವಿಜಯಕ್ಕೆ ಹೊರಟ. ಕಂಡಕ್ಟರ್ ಬಗ್ಗಿ ನೋಡಿದನಂತೆ.

“ಏನ್ರೀ ಕಾಕಾ, ಉಪ್ಪಿನಕಾಯಿ ವ್ಯಾಪಾರ ಸುರು ಮಾಡೀರೇನು?”

“ಇಲ್ಲೋ ತಮ್ಮಾ, ಧೂಳು ಹಿಡಿಯಾಕ ಹೊಂಟೀನಿ.”

“ಮುಚ್ಚಳಾ ತಗದು ಹಿಂದಿನ ಸೀಟಿನ್ಯಾಗ ಕುಂದರ್ರಿ. ಗಬ್ಬೂರು ಬರೂದ್ರಾಗ ತುಂಬತದ!”

ಮಾನ್ವಿ ತಾಲೂಕಿನ ಮಲ್ಲಟದಲ್ಲಿ ಹಳೆಯ ಗೆಳೆಯನ ಮನೆ, ಗಬ್ಬೂರಿನಲ್ಲಿ ಅವನ ಇನ್ನೊಬ್ಬ ಅಕ್ಕ, ಅಂದರೆ ನಮ್ಮ ಚಿಗವ್ವನ ಮನೆ, ದೇವದುರ್ಗದಲ್ಲಿ ನಮ್ಮ ಮನೆ. ಎಲ್ಲ ಕಡೆ ಬರಣಿ ಪ್ರತಿಷ್ಠಾಪನೆಯಾಯಿತು. “ಇದು ಇಲ್ಲೇ ಇರ್ಲಿ, ತಿಂಗಳ ಬಿಟ್ಟು ಒಯ್ತೀನಿ,” ಎಂದು ಹೇಳಿ ಬಂದ. ಹೇಳಬೇಕಾದ್ದನ್ನೆಲ್ಲ ಹೇಳಿದೆನೆಂದೇ ಅವನ ನಂಬಿಕೆ.

ತಿಂಗಳಾಯಿತು. ಮಾವ ಮೊದಲು ಮಲ್ಲಟಕ್ಕೆ ಹೋಗಿ, ಅಲ್ಲಿಂದ ನಮ್ಮ ಮನೆಗೆ ಬಂದ. ಮುಖ ಬಾಡಿತ್ತು. ಏನೆಂದು ಕೇಳಿದರೆ ಚೀಲದಿಂದ ಬರಣಿ ತೆಗೆದು ತೋರಿಸಿದ. ಥಳಥಳ ಹೊಳೆಯುವ ಗಾಜು. ಒಳಗೆ ಕಂಠಮಟ್ಟ ಮಾವಿನಕಾಯಿ ಉಪ್ಪಿನಕಾಯಿ!

“ಯವ್ವಾ, ನಮ್ಮ ಬರಣಿ ಎಲ್ಲಿ?” ಎಂದು ನಾನು ಓಡಿದೆ. ಅವ್ವ ಹೆಮ್ಮೆಯಿಂದ ತಂದಿಟ್ಟಳು. ಅದರ ತುಂಬ ಗುರೆಳ್ಳು ಹಿಂಡಿ, ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿ.

“ಯಕ್ಕಾ! ಇದರಾಗಿನ ಧೂಳೆಲ್ಲಿ?” ಮಾವ ಬರಣಿಯೊಳಗೆ ಇಣುಕಿದ.

“ತೊಳದು ಚೆಲ್ಲಿದೆ. ಏನ್ ಧೂಳು ಏನ್ ಧೂಳು! ಬುಡದಾಗ ಬೆರಳ ಮುಳಗತಿತ್ತು!”

“ಅಯ್ಯೋ, ಅದೇ ಬೇಕಾಗಿತ್ತು!”

“ನಿನಗೇನರ ಬುದ್ಧಿ ಅದನ? ತವರಮನಿ ತಮ್ಮ ತಂದಿಟ್ಟ ಬರಣಿ, ಅದನ್ನ ಹೊಲಸ ಇಟ್ಟು, ಖಾಲಿನ ಕೊಟ್ಟು ಕಳಸಲ್ಯಾ? ಮಂದಿ ನನಗೇನಂದಾರು?”

ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ಇದು ಬರೆಯದ ಕಾನೂನು. ಯಾರದೇ ಪಾತ್ರೆ ಮನೆಗೆ ಬಂದರೆ ತೊಳೆಯದೆ ಇಡುವಂತಿಲ್ಲ, ತುಂಬದೆ ಹಿಂತಿರುಗಿಸುವಂತಿಲ್ಲ. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯಾದರೂ ಇರಬೇಕು. ಇದರೆದುರು ವಿಜ್ಞಾನದ ಆಟ ನಡೆಯುತ್ತದೆಯೇ? ಮರುದಿನ ಮಾವನಿಗೆ ಧೈರ್ಯ ಹೇಳಲು ನಾನೂ ಜೊತೆಗೆ ಹೊರಟೆ. ದಾರಿಯಲ್ಲಿ ಗಬ್ಬೂರಿಗೆ ಇಳಿದೆವು. ಚಿಗವ್ವ ನಮ್ಮನ್ನು ಕಂಡವಳೇ ಒಳಗಿನಿಂದ ಬರಣಿ ತಂದಳು. ಶೇಂಗಾ ಹಿಂಡಿ. ಮೇಲೊಂದು ಹಿಡಿ ಪುಟಾಣಿ ಕಡಲೆ, ಸಕ್ಕರೆಯ ಪೊಟ್ಟಣ ಬೇರೆ.

ಪ್ರಯೋಗಾಲಯದ ಕಲ್ಲಿನ ಮೇಜಿನ ಮೇಲೆ ಮಾವ ನಾಲ್ಕೂ ಬರಣಿಗಳನ್ನು ಸಾಲಾಗಿ ಇಟ್ಟು, ತಪ್ಪಿತಸ್ಥನಂತೆ ಪಕ್ಕಕ್ಕೆ ನಿಂತ. ಮೇಡಂ ಒಂದೊಂದರ ಮುಚ್ಚಳ ತೆಗೆದರು. ಮೊದಲ ಬರಣಿಗೆ ಹುಬ್ಬೇರಿಸಿದರು, ಎರಡನೆಯದಕ್ಕೆ ಸೀನಿದರು, ಮೂರನೆಯದಕ್ಕೆ ನಕ್ಕೇಬಿಟ್ಟರು. ನಾಲ್ಕನೆಯದರ ತಳದಲ್ಲಿ ಅಕ್ಕಿ ಗಿರಣಿಯ ಹೊಟ್ಟಿನ ಬೂದಿ, ಕಪ್ಪಗೆ, ನುಣ್ಣಗೆ, ಯಾರೂ ಮುಟ್ಟದೆ ಕುಳಿತಿತ್ತು.

“ಅರೆ! ಇದು ಭಾಳ ಛಲೋ ಬಂದದ. ಎಲ್ಲೀದ್ರಿ ಸರ್?”

“ನನ್ನ ರೂಮಿನ ಮ್ಯಾಲಿಂದ್ರೀ ಮೇಡಂ.”

“ಎಲ್ಲಾರೂ ತೊಳದಾರ. ಇದನ್ನ ಮಾತ್ರ ಹ್ಯಾಂಗ ಉಳಿಸಿದ್ರಿ?”

ಮಾವ ಬರಣಿಯನ್ನೇ ನೋಡುತ್ತಾ ಹೇಳಿದ. “ಅಲ್ಲಿ ತೊಳಿಯೋರು ಯಾರೂ ಇಲ್ರೀ.”

ಮೇಡಂ ನಗು ನಿಲ್ಲಿಸಿದರು. ಒಂದೇ ಜಾಗದ ಧೂಳಿನಿಂದ ಪ್ರಾಜೆಕ್ಟ್ ಆಗುವುದಿಲ್ಲ, ಇನ್ನೊಂದು ತಿಂಗಳು ಅವಕಾಶ ಕೊಡಬಹುದು, ಆಗಲೂ ಧೂಳು ಬರದಿದ್ದರೆ ಈ ವರ್ಷ ಡಿಗ್ರಿ ಇಲ್ಲ ಎಂದು ಮೆತ್ತಗೆ ಹೇಳಿದರು. ಮಾವ ಕರವಸ್ತ್ರ ತೆಗೆದು ಕಣ್ಣಿಗೆ ಒತ್ತಿಕೊಂಡ. ಕಣ್ಣಿಗೇನೋ ಬಿತ್ತು ಎಂದ. ಕಿಟಕಿಗಳೆಲ್ಲ ಮುಚ್ಚಿದ್ದವು. ಅವನು ಧೂಳು ಸಿಗಲಿಲ್ಲವೆಂದೇ ಅತ್ತನೆಂದು ನಾನು ಊರೆಲ್ಲ ಹೇಳಿಕೊಂಡು ಬಂದಿದ್ದೇನೆ. ಬೇರೆ ಕಾರಣ ಹೇಳುವುದು ನನಗೆ ಸರಿಕಾಣಲಿಲ್ಲ.

ಎರಡನೆಯ ಯುದ್ಧಕ್ಕೆ ತಯಾರಿ ಬಿಗಿಯಾಗಿತ್ತು. ಪ್ರತಿ ಬರಣಿಗೂ ದಪ್ಪ ಅಕ್ಷರದ ಚೀಟಿ: ‘ಮುಟ್ಟಬೇಡಿ. ತೊಳೆಯಬೇಡಿ. ತುಂಬಬೇಡಿ.’ ಗಬ್ಬೂರಿಗೂ ಮಲ್ಲಟಕ್ಕೂ ನಾನೇ ಫೋನು ಮಾಡಿ ಹೆದರಿಸಿದೆ. ನಮ್ಮ ಮನೆಯಲ್ಲಂತೂ ಕಾವಲು ಕಾಯಬೇಕಾಯಿತು. ಅವ್ವ ದಿನಕ್ಕೊಮ್ಮೆ ಸೆರಗು ಸಿಕ್ಕಿಸಿಕೊಂಡು ಮಾಳಿಗೆ ಹತ್ತುವಳು. ಬರಣಿಯ ಸುತ್ತ ಪ್ರದಕ್ಷಿಣೆ ಹಾಕುವಳು.

“ಯವ್ವಾ, ಕೆಳಗ ಬಾ!”

“ಒಳಗ ತೊಳಿಯಂಗಿಲ್ಲಲೇ. ಹೊರಗಷ್ಟ ಒರಸ್ತೀನಿ.”

“ಒರಸಿದ್ರ ನಿನ್ನ ತಮ್ಮ ಫೇಲ್ ಆಗ್ತಾನ!”

ಅವಳು ನಿಟ್ಟುಸಿರಿಟ್ಟು ಕೈ ಹಿಂದೆ ಕಟ್ಟಿಕೊಂಡು ಇಳಿಯುವಳು. ತಮ್ಮನಿಗಾಗಿ ಅವಳು ಮಾಡಿದ ಅತಿ ದೊಡ್ಡ ತ್ಯಾಗವೆಂದರೆ ಆ ಒಂದು ತಿಂಗಳು ಏನೂ ಮಾಡದೆ ಇದ್ದದ್ದು.

ವಿಜ್ಞಾನ ಗೆದ್ದಿತು! ಎಲ್ಲ ಬರಣಿಗಳೂ ಶಾಸ್ತ್ರೋಕ್ತವಾಗಿ ಹೊಲಸಾಗಿದ್ದವು. ಮಾವ ನಮ್ಮ ಮನೆಯ ಬರಣಿಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದ. ಕುಣಿದಾಡುತ್ತಾನೆಂದುಕೊಂಡಿದ್ದೆ. “ಬರೇ ಧೂಳು ಅದ,” ಎಂದ.

“ಅದೇ ಬೇಕಾಗಿತ್ತಲ್ಲ ಮಾಮಾ?”

“ಹೌದೌದು. ಅದೇ ಬೇಕಾಗಿತ್ತು.” ಮುಚ್ಚಳ ತಿರುಗಿಸಿ ಚೀಲಕ್ಕಿಟ್ಟುಕೊಂಡ. ಅವ್ವ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಏನೂ ಇರಲಿಲ್ಲ. ಇಬ್ಬರಿಗೂ ಯಾಕೋ ಪೆಚ್ಚಾಗಿತ್ತು.

ಪ್ರಾಜೆಕ್ಟ್ ಒಪ್ಪಿತವಾಯಿತು, ಡಿಗ್ರಿ ಬಂತು. ಬೀಳ್ಕೊಡುಗೆಯಲ್ಲಿ ಹೊರಹೋಗುವ ವಿದ್ಯಾರ್ಥಿಗಳ ಪರವಾಗಿ ಹೊರಹೋಗುವ ವಿದ್ಯಾರ್ಥಿಯೇ ಮಾತಾಡಿದ. ಕ್ಲಾಸಿನ ಫೋಟೋದಲ್ಲಿ ಅಧ್ಯಾಪಕರೆಲ್ಲರ ನಡುವೆ ಅವನೊಬ್ಬನೇ ಹಾರ ಹಾಕಿಕೊಂಡು ಕುಳಿತಿದ್ದಾನೆ. ನೋಡಿದವರು ಯಾರ ಮದುವೆ ಎಂದು ಕೇಳುತ್ತಾರೆ.

ಅದಾಗಿ ಕೆಲವು ವಾರ ಅವನ ಸುದ್ದಿಯೇ ಇರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಬಸ್ಸಿನಿಂದಿಳಿದು ನಮ್ಮ ಮನೆಗೆ ಬಂದ. ಕೈಯಲ್ಲಿ ಅದೇ ಚೀಲ. ಚಹಾ ಕುಡಿದ. ಹೊರಡುವ ಮೊದಲು ಒಂದು ಬರಣಿ ತೆಗೆದುಕೊಂಡು ಮಾಳಿಗೆ ಹತ್ತಿ, ಹಳೆಯ ಜಾಗದಲ್ಲೇ ಇಟ್ಟು ಇಳಿದುಬಂದ.

“ಓದು ಮುಗೀತಲ್ಲ ಮಾಮಾ? ಮತ್ತ್ಯಾಕ?”

“ಇರ್ಲಿ ಬಿಡು,” ಎಂದ, ಚಪ್ಪಲಿ ಮೆಟ್ಟುವುದರಲ್ಲಿ ಬಹಳ ಮಗ್ನನಾಗಿ. “ತಿಂಗಳ ಬಿಟ್ಟು ಒಯ್ತೀನಿ. ಈಗ ಗಬ್ಬೂರಿಗಿ ಹೋಗಬೇಕು.”

ಅವನು ಓಣಿಯ ತಿರುವು ದಾಟುವುದರೊಳಗೆ ಅವ್ವ ಸೆರಗು ಸಿಕ್ಕಿಸಿಕೊಂಡು ಮೇಲೆ ಹೋಗಿದ್ದಳು. ನಾನು ಅಭ್ಯಾಸಬಲದಿಂದ ಕೂಗುತ್ತಾ ಹಿಂದೆಯೇ ಓಡಿದೆ. ಅವಳು ಬರಣಿಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

“ಚೀಟಿ ಎಲ್ಲದಲೇ?”

ಸುತ್ತಲೂ ನೋಡಿದೆ, ತಳವನ್ನೂ ನೋಡಿದೆ. “ಈ ಸಲ ಹಚ್ಚಿಲ್ಲಬೇ.”

ಅವ್ವ ಸೆರಗನ್ನು ಇನ್ನಷ್ಟು ಬಿಗಿ ಮಾಡಿದಳು. ಆಮೇಲೆ ಒಂದು ಕಣ ಧೂಳೂ ಇಲ್ಲದ ಆ ಬರಣಿಯನ್ನು ಎದೆಗವಚಿಕೊಂಡು ನಳದ ಕಡೆಗೆ ನಡೆದಳು. ಮೆಟ್ಟಿಲಿನಿಂದಲೇ ಒಳಗಿದ್ದ ಸೊಸೆಗೆ, ಅಂದರೆ ನನ್ನ ಹೆಂಡತಿಗೆ, ಕೂಗಿ ಹೇಳಿದಳು:

“ಯವ್ವಾ, ಶೇಂಗಾ ಹುರಿಯಾಕ ಇಡು!”